ಅಪ್ಪನ ಟೇಪು

ಬರ್ಲಿನ್ನಿಗೆ ಹೊರಡುವ ಹಿಂದಿನ ರಾತ್ರಿ ಮಾರತ್ತಹಳ್ಳಿಯ ನಮ್ಮ ಮನೆಯಲ್ಲಿ ಎರಡು ಪಕ್ಷಗಳಾದವು. ಅಮ್ಮನದು ಹುಳಿಪುಡಿ ಪಕ್ಷ, ಅಪ್ಪನದು ಸಲಕರಣೆ ಪಕ್ಷ. ಸೂಟ್‌ಕೇಸಿನ ಮಿತಿ 23 ಕಿಲೋ. ಹುಳಿಪುಡಿ, ಚಟ್ನಿಪುಡಿ, ಮೂರು ಲೀಟರಿನ ಕುಕ್ಕರ್ ಎಲ್ಲ ಒಳಗೆ ಕೂತ ಮೇಲೆ ಮೂಲೆಯಲ್ಲಿ ಉಳಿದ ಅಂಗೈಯಗಲ ಜಾಗಕ್ಕೆ ಅಪ್ಪ ತಮ್ಮ ಐದು ಮೀಟರಿನ ಸ್ಟೀಲ್ ಟೇಪನ್ನು ತುರುಕಿದರು. “ಆರ್ಕಿಟೆಕ್ಟ್ ಆಗೋಳು ಟೇಪಿಲ್ದೆ ಹೋಗ್ತಾಳೇನೆ?” ಏರ್‌ಪೋರ್ಟಿನ ತಕ್ಕಡಿ 300 ಗ್ರಾಂ ಹೆಚ್ಚು ತೋರಿಸಿತು. ಏನಾದರೊಂದು ಹೊರಗೆ ಬರಲೇಬೇಕು. ಅಮ್ಮ ಹುಳಿಪುಡಿಯ ಡಬ್ಬಿಯ ಮೇಲೆ ಕೈ ಇಟ್ಟುಕೊಂಡೇ ನಿಂತಿದ್ದಳು. ಅಪ್ಪ ಮಾತಾಡದೆ ಟೇಪನ್ನು ಎತ್ತಿ ಪ್ಯಾಂಟಿನ ಜೇಬಿಗೆ ಇಳಿಸಿಕೊಂಡರು.

ಜರ್ಮನಿ ನಮ್ಮ ಮನೆಗೆ ಹೊಸದೇನಲ್ಲ. ಅಪ್ಪ ಎಚ್‌ಎಎಲ್‌ನಲ್ಲಿ ವಿಮಾನದ ತಗಡು ಅಳೆದೇ ರಿಟೈರಾದವರು. ಮಾರುತ್ ಯುದ್ಧವಿಮಾನವನ್ನು ರೂಪಿಸಿದ ಕುರ್ಟ್ ಟ್ಯಾಂಕ್ 1956ರಲ್ಲಿ ಬೆಂಗಳೂರಿಗೆ ಬಂದ ಜರ್ಮನ್. ವಿಮಾನ ಮೊದಲ ಸಲ ಹಾರಿದ್ದು 1961ರ ಜೂನಿನಲ್ಲಿ. ಅಪ್ಪ ಕೆಲಸಕ್ಕೆ ಸೇರುವಷ್ಟರಲ್ಲಿ ಮಾರುತ್ ತಯಾರಿಕೆಯೇ ನಿಂತುಹೋಗಿತ್ತು. ಆದರೂ ಟ್ಯಾಂಕ್ ಸಾಹೇಬರ ಜೊತೆ ದಿನಾ ಕ್ಯಾಂಟೀನಿನಲ್ಲಿ ಕಾಫಿ ಕುಡಿದವರ ಹಾಗೆ ಮಾತಾಡುತ್ತಾರೆ. ಆ ಮಾರುತ್‌ನಿಂದಲೇ ಮಾರತ್ತಹಳ್ಳಿಗೆ ಹೆಸರು ಬಂತೆಂಬ ಕಥೆಯೊಂದು ನಮ್ಮ ಕಡೆ ಓಡಾಡುತ್ತದಲ್ಲ, ಅದನ್ನು ಯಾರಾದರೂ ಅಲ್ಲಗಳೆದರೆ ಅಪ್ಪನಿಗೆ ಅವತ್ತು ಊಟ ಸೇರುವುದಿಲ್ಲ. “ಹಂಗಾದ್ರೆ ವಿಮಾನ ಬರೋಕೆ ಮುಂಚೆ ಈ ಊರೋರು ತಮ್ಮೂರನ್ನ ಏನಂತ ಕರೀತಿದ್ರು?” ಎಂದು ಅಮ್ಮ ಒಗ್ಗರಣೆ ಹಾಕುತ್ತ ಕೇಳಿದಾಗ ಮಾತ್ರ ಸಾಸಿವೆಯ ಚಟಪಟದಲ್ಲಿ ಅವರಿಗೆ ಏನೂ ಕೇಳಿಸುವುದಿಲ್ಲ.

ನನ್ನ ಪಾಲಿನ ಜರ್ಮನ್ ಬೇರೆ: ಆಟ್ಟೊ ಕೋನಿಗ್ಸ್‌ಬರ್ಗರ್. ಯಹೂದಿ ಮೂಲದವರು, ನಾಜಿಗಳು ಬಂದಾಗ ಕೆಲಸ ಹೋಯಿತು, ಊರು ಬಿಟ್ಟರು. ಈಜಿಪ್ಟ್ ಸುತ್ತಿ 1939ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ಮುಖ್ಯ ವಾಸ್ತುಶಿಲ್ಪಿಯಾದರು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಅವರು ರೂಪಿಸಿದ ಕಟ್ಟಡಗಳಿವೆ. ಬಿಸಿಲು, ಗಾಳಿ, ಮಳೆ ನೋಡಿಕೊಂಡು ಕಟ್ಟುವ ವಿದ್ಯೆಯನ್ನು ಇಲ್ಲಿ ಪಳಗಿಸಿಕೊಂಡು ಮುಂದೆ ಲಂಡನ್ನಿನಲ್ಲಿ ಪಾಠ ಹೇಳಿದರು. ಟ್ಯಾಂಕ್, ಕೋನಿಗ್ಸ್‌ಬರ್ಗರ್ ಇಬ್ಬರೂ ಓದಿದ್ದು ಬರ್ಲಿನ್ನಿನ ಶಾರ್ಲೊಟೆನ್‌ಬರ್ಗಿನಲ್ಲಿದ್ದ ಒಂದೇ ತಾಂತ್ರಿಕ ವಿದ್ಯಾಲಯದಲ್ಲಿ. ಅವರು ಬಂದ ದಾರಿಯಲ್ಲೇ ನಾನು ಹಿಮ್ಮುಖವಾಗಿ ಹೊರಟಿದ್ದೆ, ಹುಳಿಪುಡಿ ಸಮೇತ.

ಮೊದಲ ವಾರ ನನಗೆ ಪಾಠ ಹೇಳಿದ್ದು ಪ್ರೊಫೆಸರಲ್ಲ, ಸಿಗ್ನಲ್ಲಿನ ಹ್ಯಾಟು ಹಾಕಿದ ಕೆಂಪು ಮನುಷ್ಯ. ಪೂರ್ವ ಬರ್ಲಿನ್ನಿನವರು ಅವನನ್ನು ರೂಪಿಸಿದ್ದೂ ಮಾರುತ್ ಹಾರಿದ 1961ರಲ್ಲೇ. ನಾನು ರಸ್ತೆ ದಾಟುವುದು ಕಲಿತದ್ದು ಮಾರತ್ತಹಳ್ಳಿ ಬ್ರಿಡ್ಜಿನ ಹತ್ತಿರ: ಕೈ ಎತ್ತಬೇಕು, ದೇವರನ್ನು ನೆನೆಯಬೇಕು, ನಡೆಯಬೇಕು, ಬಸ್ಸು ಕೂಡ ನಿಲ್ಲುತ್ತದೆ. ಬರ್ಲಿನ್ನಿನಲ್ಲಿ ಅಭ್ಯಾಸಬಲದಿಂದ ಕೈ ಎತ್ತಿದೆ. ಕಾರಿನವರು ಪರಿಚಯವಿರಬೇಕೆಂದು ತಾವೂ ಕೈಬೀಸಿ ಮುಂದೆ ಹೋದರು. ಒಂದೇ ಒಂದು ವಾಹನವಿಲ್ಲದ ರಸ್ತೆಯಲ್ಲೂ ನಾಲ್ಕು ಜನ ಕೆಂಪು ಮನುಷ್ಯನ ಅಪ್ಪಣೆಗೆ ಕಾದು ನಿಂತಿದ್ದಾಗ ಐದನೆಯವಳಾಗಿ ನಿಲ್ಲುವುದಕ್ಕೆ ಎಷ್ಟು ತಾಳ್ಮೆ ಬೇಕು ಅನ್ನುವುದು ನಮ್ಮೂರಿನವರಿಗೆ ಹೇಳಿದರೆ ಅರ್ಥವಾಗುವುದಿಲ್ಲ.

ಅಲ್ಲೂ ಒಂದು ರಿಂಗ್ ಇದೆ, ರಸ್ತೆಯದಲ್ಲ, ರೈಲಿನದು. 37 ಕಿಲೋಮೀಟರಿನ ಸುತ್ತು, ಸರಿಯಾಗಿ ಒಂದು ಗಂಟೆ. ನಮ್ಮ ಔಟರ್ ರಿಂಗ್ ರೋಡಿನಲ್ಲಿ ಅದೇ ಒಂದು ಗಂಟೆಗೆ ಸಿಲ್ಕ್ ಬೋರ್ಡ್ ಸಿಕ್ಕಿದರೆ ಪುಣ್ಯ. ಮನೆ ನೆನಪಾದಾಗಲೆಲ್ಲ ನಾನು ಆ ರೈಲು ಹತ್ತಿ ಒಂದು ಸುತ್ತು ಬಂದು ಹತ್ತಿದಲ್ಲೇ ಇಳಿಯುತ್ತಿದ್ದೆ. ಎಲ್ಲಿಗೂ ಹೋಗದೆ ಒಂದು ಗಂಟೆ ಕಳೆಯುವುದರಲ್ಲಿ ಮಾರತ್ತಹಳ್ಳಿಯವರಿಗೆ ಹಳೆಯ ಅನುಭವವಿದೆ.

ಕೋಣೆ ಸಿಕ್ಕಿದ್ದು ಒಂದು ಹಳೇ ಕಟ್ಟಡದ ಹಿಂಭಾಗದಲ್ಲಿ. ಭಾನುವಾರ ಸದ್ದು ಮಾಡಬಾರದೆಂಬ ನಿಯಮ ನನಗೆ ಗೊತ್ತಿತ್ತು, ಕುಕ್ಕರಿಗೆ ಗೊತ್ತಿರಲಿಲ್ಲ. ಮೊದಲ ಸೀಟಿಗೇ ಕೆಳಗಿನ ಮನೆಯ ಅಜ್ಜಿ ಬಾಗಿಲು ಬಡಿದರು. ಮೂರು ಸೀಟಿಗೆ ಅನ್ನ ಆಗುತ್ತದೆ ಎಂದು ನನ್ನ ಹರಕು ಜರ್ಮನಿನಲ್ಲಿ ವಿವರಿಸಿದೆ. ಮುಂದಿನ ವಾರ ಮೆಟ್ಟಿಲಲ್ಲಿ ಸಿಕ್ಕವರು ಕಾಳಜಿಯಿಂದ ಕೇಳಿದರು: “ನಿನ್ನೆ ಎರಡೇ ಕೇಳಿಸಿತಲ್ಲ?”

ಆ ಕಟ್ಟಡದ ನಡುವೆ ಒಂದು ಅಂಗಳ. ಅಂಗಳ ಅಂದಕೂಡಲೇ ತುಳಸಿಕಟ್ಟೆ, ರಂಗೋಲಿ ನೆನೆಸಿಕೊಳ್ಳಬೇಡಿ. ಅಲ್ಲಿರುವುದು ಸೈಕಲ್ಲುಗಳು ಮತ್ತು ಬಣ್ಣಕ್ಕೊಂದು ಕಸದ ಡಬ್ಬಿ. ಹಳೇ ಬರ್ಲಿನ್ನಿನ ಇಂಥ ಅಂಗಳಗಳಿಗೆ 1853ರ ಕಟ್ಟಡ ಕಾನೂನು ಒಂದು ಕನಿಷ್ಠ ಅಳತೆ ಹಾಕಿತ್ತು: 5.34 ಮೀಟರ್ ಉದ್ದ, ಅಷ್ಟೇ ಅಗಲ. ಬಿಸಿಲಿಗಾಗಿ ಅಲ್ಲ, ಗಾಳಿಗಾಗಿಯೂ ಅಲ್ಲ. ಬೆಂಕಿ ಬಿದ್ದರೆ ನೀರಿನ ಪಂಪಿನ ಗಾಡಿ ಒಳಗೆ ಬಂದು ತಿರುಗಿಕೊಳ್ಳಲು ಅಷ್ಟು ಜಾಗ ಬೇಕಿತ್ತು. ಒಂದು ಗಾಡಿ ತಿರುಗುವುದಕ್ಕೆ ಎಷ್ಟು ಬೇಕೋ ಅಷ್ಟೇ ಆಕಾಶ! ಕ್ಲಾಸಿನಲ್ಲಿ ಇದನ್ನು ಕೇಳಿ ಉಳಿದವರು ‘ಅಯ್ಯೋ ಪಾಪ’ ಎಂದರು. ನನಗೆ ಹೊಟ್ಟೆಕಿಚ್ಚಾಯಿತು. ನಮ್ಮ ಬೀದಿಯಲ್ಲಿ ಎರಡು ಪಿಜಿಗಳ ನಡುವೆ ಕೈ ಚಾಚಿದರೆ ಆಚೆ ಕಿಟಕಿಯ ಟವೆಲ್ ಸಿಗುತ್ತದೆ. ಇಸ್ತ್ರಿ ಗಾಡಿಯವರು ಬೆಳಿಗ್ಗೆ ಗಾಡಿಯನ್ನು ಮುಂದಕ್ಕೆ ತಳ್ಳಿಕೊಂಡು ಬಂದರೆ ಸಂಜೆ ಹಿಂದಕ್ಕೆ ಎಳೆದುಕೊಂಡೇ ಹೋಗಬೇಕು, ತಿರುಗಿಸಲು ಜಾಗವಿಲ್ಲ.

ಮೂರನೇ ವಾರ ಪ್ರೊಫೆಸರಮ್ಮ ಮೊದಲ ಕೆಲಸ ಕೊಟ್ಟರು: ನೀವು ಬೆಳೆದ ಬೀದಿಯನ್ನು 1:50 ಅಳತೆಯಲ್ಲಿ ಬರೆದು ತನ್ನಿ. ನಾನು ಪೆನ್ಸಿಲ್ ಹಿಡಿದು ಕೂತೆ. ಬೆಂಗಳೂರಿನಲ್ಲಿ ಓದುವಾಗ ಹಂಪಿಯ ಮಂಟಪದ ಕಂಬಗಳನ್ನು ಅಂಗುಲ ಅಂಗುಲವಾಗಿ ಅಳೆದು ಶೀಟು ಬರೆದವಳು ನಾನು. ಇಪ್ಪತ್ತೆರಡು ವರ್ಷ ನಡೆದಾಡಿದ ಬೀದಿಯ ಅಗಲ ಎಷ್ಟು? ಬೇಕರಿಯ ಮುಂದೆ ಇಬ್ಬರು ಟೀ ಹಿಡಿದು ನಿಂತರೆ ಆಟೋ ಹೋಗುವುದಿಲ್ಲ, ಒಬ್ಬರು ಪಕ್ಕಕ್ಕೆ ಸರಿದರೆ ಹೋಗುತ್ತದೆ. ನನಗೆ ಗೊತ್ತಿದ್ದದ್ದು ಅಷ್ಟೇ.

ಅವತ್ತು ಸಂಜೆ ಟೆಂಪಲ್‌ಹೋಫಿಗೆ ಹೋಗಿದ್ದೆ. ಅದು ಹಳೇ ವಿಮಾನ ನಿಲ್ದಾಣ, 2008ರ ಅಕ್ಟೋಬರಿನಲ್ಲಿ ಮುಚ್ಚಿತು. ಅದೇ ವರ್ಷ ಮೇ ತಿಂಗಳಲ್ಲಿ ದೇವನಹಳ್ಳಿಯ ನಿಲ್ದಾಣ ಶುರುವಾಗಿ, ನಮ್ಮ ತಾರಸಿಯ ಮೇಲೆ ಹಪ್ಪಳದ ಮೇಲೆಲ್ಲ ನೆರಳು ಬೀರುತ್ತ ಎಚ್‌ಎಎಲ್‌ಗೆ ಇಳಿಯುತ್ತಿದ್ದ ಪ್ರಯಾಣಿಕರ ವಿಮಾನಗಳು ನಿಂತಿದ್ದವು. ಎಚ್‌ಎಎಲ್‌ನದು ಇವತ್ತಿಗೂ ಕಾಂಪೌಂಡ್ ಗೋಡೆಯ ಆಚೆ. ಬರ್ಲಿನ್ನಿನವರು 2010ರಲ್ಲಿ ತಮ್ಮದರ ಗೇಟು ತೆಗೆದು ಜನರನ್ನು ಒಳಗೆ ಬಿಟ್ಟರು. ರನ್‌ವೇ ಮೇಲೆ ಈಗ ಮಕ್ಕಳು ಸೈಕಲ್ ಕಲಿಯುತ್ತಾರೆ, ಗಾಳಿಪಟ ಹಾರಿಸುತ್ತಾರೆ. ಅಲ್ಲಿಂದಲೇ ಫೋನ್ ಮಾಡಿದೆ. “ಅಪ್ಪಾ, ರನ್‌ವೇ ಮೇಲೆ ನಿಂತಿದೀನಿ.”

“ಮೊದ್ಲು ಆಚೆ ಬಾ. ಸೆಕ್ಯೂರಿಟಿಯೋರು ನೋಡಿದ್ರೆ ಏನ್ ಗತಿ?” ಎಂದರು ಎಚ್‌ಎಎಲ್ ಅಪ್ಪ. ಸಮಾಧಾನಪಡಿಸಿ ಬೀದಿಯ ಅಳತೆ ಬೇಕು ಎಂದೆ. ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ ಟರ್ರ್ ಎಂದು ಟೇಪು ಎಳೆದು ಬಿಟ್ಟ ಸದ್ದು. ಮಾತಾಡದೆಯೇ ಅಪ್ಪ ಏರ್‌ಪೋರ್ಟಿನ ಸೇಡು ತೀರಿಸಿಕೊಂಡಿದ್ದರು.

ಮರುದಿನ ಬೆಳಿಗ್ಗೆ ಅವರು ಒಂದು ನೋಟ್‌ಬುಕ್ ಹಿಡಿದು ಬೀದಿಗಿಳಿದರು. ಟೇಪಿನ ತುದಿ ಹಿಡಿಯಲು ಬೇಕರಿಯ ಹುಡುಗ. ರಿಂಗ್ ರೋಡಿನಲ್ಲಿ ಮೆಟ್ರೊ ಕಂಬಗಳು ಏಳುತ್ತಿರುವ ಊರಿನಲ್ಲಿ ವಯಸ್ಸಾದ ಗಂಡಸೊಬ್ಬ ಟೇಪು ಬಿಚ್ಚಿ ಪುಸ್ತಕದಲ್ಲಿ ಬರೆದುಕೊಂಡರೆ ಏನಾಗುತ್ತದೆಂದು ನಾನಾದರೂ ಯೋಚಿಸಬೇಕಿತ್ತು. “ರೋಡ್ ವೈಡ್ನಿಂಗಾ ಸಾರ್?” “ಎಷ್ಟು ಅಡಿ ಹೋಗತ್ತೆ?” “ಮಾರ್ಕಿಂಗ್ ಯಾವಾಗ?” ಮಗಳ ಹೋಮ್‌ವರ್ಕು ಎಂದು ಅಪ್ಪ ಹೇಳಿದ್ದನ್ನು ಒಬ್ಬರೂ ನಂಬಲಿಲ್ಲ. ನಿಜವಾದ ಸರ್ವೆಯವರು ಹಾಗೆಯೇ ಹೇಳುವುದು ಎಂದು ಪಿಜಿ ಓನರ್ ತೀರ್ಮಾನಿಸಿ ಕಾಫಿ ತರಿಸಿಕೊಟ್ಟರಂತೆ.

ಅಳತೆ ವಾಟ್ಸಾಪಿನಲ್ಲಿ ಬಂತು, ಮಿಲಿಮೀಟರಿನಲ್ಲಿ: ಬೇಕರಿಯ ಮುಂದೆ 2,870. ಜೊತೆಗೊಂದು ಟಿಪ್ಪಣಿ: ಬಿಸಿಲಿಗೆ ಟೇಪು ಹಿಗ್ಗಿರುತ್ತದೆ, ಅರ್ಧ ಮಿಲಿಮೀಟರ್ ಲೆಕ್ಕಕ್ಕೆ ಹಿಡಿ. ಆದರೆ ಒಂದೇ ಸಲ ಅಳೆದದ್ದನ್ನು ನಂಬುವುದು ವಿಮಾನದವರ ಜಾಯಮಾನವಲ್ಲ. ಮಾರನೇ ದಿನ ಮತ್ತೆ ಅಳೆದರು. ಅದೇ ಜಾಗ, ಅದೇ ಟೇಪು: 3,410.

“ಟೇಪಿನ ತಪ್ಪಲ್ಲ ಕಣೆ,” ಎಂದರು ಅಪ್ಪ ಫೋನಿನಲ್ಲಿ, ದನಿ ತಗ್ಗಿಸಿ. “ರಾತ್ರೋರಾತ್ರಿ ಎಲ್ರೂ ಒಳಕ್ಕೆ ಹೋಗ್ಬಿಟ್ಟಿದಾರೆ.” ಪಿಜಿಯ ಬೋರ್ಡು ಗೋಡೆಗೆ ಅಂಟಿಕೊಂಡಿತ್ತು. ಬೇಕರಿಯ ಫ್ರಿಜ್ಜು, ಕಬ್ಬಿನ ಹಾಲಿನ ಮಷೀನು, ಎಳನೀರಿನ ರಾಶಿ ಎಲ್ಲ ಒಂದೊಂದು ಹೆಜ್ಜೆ ಹಿಂದೆ ಸರಿದಿದ್ದವು. ಅರ್ಧ ಮೀಟರಿಗೂ ಹೆಚ್ಚು ಬೀದಿ ಹೊಸದಾಗಿ ಹುಟ್ಟಿತ್ತು. “ಯಾವುದು ಬರ್ಕೋತೀಯ? ನಿನ್ನೇದಾ, ಇವತ್ತಿಂದಾ?”

ಎರಡನ್ನೂ ಬರೆದೆ. ನಿನ್ನೆಯದನ್ನು ಗಟ್ಟಿ ಗೆರೆಯಲ್ಲಿ, ಇವತ್ತಿನದನ್ನು ಚುಕ್ಕಿ ಗೆರೆಯಲ್ಲಿ. ಜ್ಯೂರಿಯ ದಿನ ಪ್ರೊಫೆಸರಮ್ಮ ಶೀಟಿಗೆ ಮೂಗು ತಾಗುವಷ್ಟು ಹತ್ತಿರ ಬಗ್ಗಿ, ಈ ಚುಕ್ಕಿ ಗೆರೆ ಮೇಲಿನ ಬಾಲ್ಕನಿಯದೋ ಎಂದು ಕೇಳಿದರು. ಅಲ್ಲ, ನಮ್ಮಪ್ಪ ಟೇಪು ಹಿಡಿದು ನಿಂತಾಗಿನ ಬೀದಿ ಎಂದೆ. ಹಾಗಾದರೆ ನಿಜವಾದ ಅಗಲ ಯಾವುದು? ನೂರೈವತ್ತು ವರ್ಷ ದಾಟಿದರೂ ಅಂಗಳ ಒಂದಿಂಚು ಅಲುಗದ ಊರಿನವರಿಗೆ ಇದಕ್ಕೆ ಉತ್ತರ ಹೇಳುವಷ್ಟು ಜರ್ಮನ್ ನನಗೆ ಆಗ ಬರುತ್ತಿರಲಿಲ್ಲ. ಈಗಲೂ ಬರುವುದಿಲ್ಲ.

ನಾಲ್ಕನೇ ದಿನಕ್ಕೆ ಬೀದಿ ಮತ್ತೆ 2,870ಕ್ಕೆ ಬಂದು ನಿಂತಿತೆಂದು ಅಪ್ಪ ವರದಿ ಒಪ್ಪಿಸಿದರು. ಅವತ್ತು ಸಂಜೆಯೇ ಇಸ್ತ್ರಿ ಗಾಡಿಯವರು ಮನೆಯ ಗೇಟಿನ ಹತ್ತಿರ ಬಂದು ನಿಂತಿದ್ದರಂತೆ. ಬಟ್ಟೆಗೆ ಅಲ್ಲ. “ಸಾರ್, ತಿಂಗಳಿಗೊಂದ್ಸಲ ಆ ಟೇಪ್ ಹಿಡ್ಕೊಂಡು ಹಿಂಗೇ ಒಂದು ರೌಂಡ್ ಓಡಾಡಿ. ಅವತ್ತೊಂದಿನ ಗಾಡಿ ತಿರುಗಿಸ್ಕೊಂಡು ಹೋದೆ.”