ರಾಷ್ಟ್ರೀಯ ಹೆದ್ದಾರಿ ಅರವತ್ತಾರರ ಸನ್ನಿಧಾನಕ್ಕೆ

ಮಹಾರಾಜಶ್ರೀ ಹೆದ್ದಾರಿಯವರಿಗೆ, ಎಡಬದಿಯ ಬಿಳಿಗೆರೆಯ ಆಚೆ ನಿಂತು ಒಬ್ಬ ಸೈಕಲ್ ಸವಾರ ಮಾಡುವ ನಮಸ್ಕಾರಗಳು. ಇತ್ತ ಎಲ್ಲರೂ ಕ್ಷೇಮ. ‘ಕಾಮಗಾರಿ ಪ್ರಗತಿಯಲ್ಲಿದೆ’ ಎಂಬ ತಮ್ಮ ಫಲಕ ವರ್ಷಗಳಿಂದ ಒಂದೇ ಜಾಗದಲ್ಲಿ ತುಕ್ಕು ಹಿಡಿಯುತ್ತಿರುವುದನ್ನು ನೋಡಿದರೆ ತಾವೂ ಕ್ಷೇಮವೇ ಇರಬೇಕು.

2010ರಲ್ಲಿ ದೇಶದ ಹೆದ್ದಾರಿಗಳಿಗೆಲ್ಲ ಹೊಸ ನಂಬರು ಹಂಚಿದಾಗ, ಅಲ್ಲಿಯವರೆಗೆ ಹದಿನೇಳಾಗಿದ್ದ ತಾವು ಒಂದೇ ಆದೇಶಕ್ಕೆ ಅರವತ್ತಾರಾದಿರಿ. ಮೀಸೆ ಮೂಡುವ ವಯಸ್ಸಿನಿಂದ ನೇರ ಪಿಂಚಣಿಗೆ! ಅಂದಮೇಲೆ ಅಲ್ಲಲ್ಲಿ ಮೂಳೆ ಸವೆದಿದ್ದರೆ, ಮಳೆಗಾಲದಲ್ಲಿ ಮೈಯೆಲ್ಲ ಕಿತ್ತು ಬಂದರೆ ತಮ್ಮನ್ನು ದೂರುವುದು ಸರಿಯಲ್ಲ.

ವಿಷಯಕ್ಕೆ ಬರುತ್ತೇನೆ. ನಮ್ಮದೊಂದು ನಡುವಯಸ್ಸಿನವರ ಗುಂಪು. ಕಾರವಾರಕ್ಕೂ ಮಂಗಳೂರಿಗೂ ನಡುವಿನ ಸುಮಾರು 270 ಕಿಲೋಮೀಟರನ್ನು ಬರುವ ಡಿಸೆಂಬರಿನಲ್ಲಿ, ದಿನಕ್ಕೆ ಅರವತ್ತೆಪ್ಪತ್ತರಂತೆ, ಸೈಕಲ್ ತುಳಿದು ಮುಗಿಸುವ ಸಂಕಲ್ಪ ಮಾಡಿದ್ದೇವೆ. ಗಾಬರಿಯಾಗಬೇಡಿ, ಸದ್ಯಕ್ಕೆ ಸಂಕಲ್ಪ ಎಕ್ಸೆಲ್ ಹಾಳೆಯ ಆಚೆಗೆ ಬಂದಿಲ್ಲ. ಆ ಹಾಳೆಯಲ್ಲಿ ಏರು, ಇಳಿ, ಸೂರ್ಯೋದಯ, ಗೋಳಿಬಜೆ, ಬನ್ಸ್ ಎಲ್ಲಕ್ಕೂ ಬೇರೆ ಬೇರೆ ಬಣ್ಣದ ಕಾಲಂಗಳಿವೆ. ನಮ್ಮಲ್ಲೊಬ್ಬರ ಸೈಕಲ್ಲಿನ ಬೆಲೆಗೆ ಒಂದು ಸೆಕೆಂಡ್ ಹ್ಯಾಂಡ್ ಕಾರು ಬರುತ್ತದೆ. ಅದರ ಚಕ್ರಕ್ಕಿರುವುದು ಪ್ರೆಸ್ಟಾ ವಾಲ್ವ್. ಇಂಚಿನಷ್ಟಿರುವ ಒಂದು ಹಿತ್ತಾಳೆ ಅಡಾಪ್ಟರ್ ಮನೆಯಲ್ಲಿ ಮರೆತರೆ ಈ ದಾರಿಯ ಯಾವ ಪಂಚರ್ ಅಂಗಡಿಯವನೂ ಅದಕ್ಕೆ ಗಾಳಿ ಹಾಕಲಾರ. ಹಿಂದೆ ಇದೇ ಊರುಗಳಲ್ಲಿ ಕ್ಯಾರಿಯರಿಗೆ ಮೀನಿನ ಬುಟ್ಟಿ ಬಿಗಿದು, ಪೋಂ ಪೋಂ ಒತ್ತುತ್ತ ಮನೆಮನೆ ಸುತ್ತುತ್ತಿದ್ದವರಿಗೆ ಎಕ್ಸೆಲ್ಲೂ ಬೇಕಾಗಲಿಲ್ಲ, ಅಡಾಪ್ಟರೂ ಬೇಕಾಗಲಿಲ್ಲ. ಅವರೆಲ್ಲ ಈಗ ಮೋಟಾರು ಗಾಡಿ ಏರಿದ್ದಾರೆ. ಅವರು ಇಳಿದ ಸೈಕಲ್ಲನ್ನು ನಾವು ಚಡ್ಡಿಗೆ ಸ್ಪಂಜು ಹೊಲಿಸಿಕೊಂಡು ಹತ್ತುತ್ತಿದ್ದೇವೆ. ದಾರಿಯಲ್ಲಿ ಯಾರಾದರೂ “ಬೈಕ್ ಇಲ್ವಾ ಮಾರಾಯ್ರೆ ನಿಮ್ಗೆ?” ಎಂದು ಮರುಗಿದರೆ ಕೊಡಬೇಕಾದ ಉತ್ತರಕ್ಕೂ ಹಾಳೆಯಲ್ಲಿ ಒಂದು ಕಾಲಂ ಇದೆ. ಅದಿನ್ನೂ ಖಾಲಿ.

ಯೋಜನೆ ಮೊದಲು ಮುಗ್ಗರಿಸಿದ್ದು ದಿಕ್ಕಿನ ವಿಚಾರದಲ್ಲಿ. ನಮ್ಮ ದೇಶದಲ್ಲಿ ಎಡಕ್ಕೆ ಚಲಿಸಬೇಕಲ್ಲ? ಮಂಗಳೂರಿನಿಂದ ಬಡಗಕ್ಕೆ ಹೊರಟರೆ ಕಡಲು ಎಡಗಡೆ, ನಮ್ಮ ಮಗ್ಗುಲಿಗೇ. ಆದರೆ ಡಿಸೆಂಬರಿನ ಮಧ್ಯಾಹ್ನ ಪಡುವಣ ಕಡಲಿನಿಂದ, ಅದರಲ್ಲೂ ವಾಯವ್ಯದಿಂದ, ಏಳುವ ಗಾಳಿ ನೇರ ಮುಖಕ್ಕೇ ಹೊಡೆಯುತ್ತದೆ. ಕಾರವಾರದಿಂದ ತೆಂಕಕ್ಕೆ ಬಂದರೆ ಅದೇ ಗಾಳಿ ಬೆನ್ನು ನೂಕುತ್ತದೆ. ಆದರೆ ಕಡಲು ಬಲಕ್ಕೆ ಹೋಗುತ್ತದೆ. ನಮಗೂ ಅದಕ್ಕೂ ನಡುವೆ ತಾವು, ತಮ್ಮ ನಾಲ್ಕು ಪಥ, ಒಂದು ಡಿವೈಡರು, ಅದರಲ್ಲಿ ಒಣಗಿದ ಕಣಗಿಲೆ. ಗುಂಪು ಕಡಲಿನ ಪಕ್ಷ, ಗಾಳಿಯ ಪಕ್ಷ ಎಂದು ಒಡೆಯಿತು. ಮಂಡಿನೋವಿನವರೇ ಹೆಚ್ಚಿದ್ದುದರಿಂದ ಗಾಳಿಯ ಪಕ್ಷ ಗೆದ್ದಿತು. ಸೈಕಲ್ಲುಗಳು ರೈಲಿನ ಲಗೇಜ್ ವ್ಯಾನಿನಲ್ಲಿ ಕಾರವಾರಕ್ಕೆ ಹೋಗಲಿವೆ.

ಸೋತವರನ್ನು ಸಮಾಧಾನ ಮಾಡಲು ನಾನೊಂದು ಮಾತು ಹೇಳಿದೆ, ತಪ್ಪು ತಿಳಿಯಬಾರದು. ಹೆಸರಿಗೆ ತಾವು ಕರಾವಳಿ ಹೆದ್ದಾರಿ. ಆದರೆ ಕಡಲಿಗೂ ತಮಗೂ ಅಂಥ ಬಳಕೆಯೇನೂ ಇಲ್ಲ. ತ್ರಾಸಿ–ಮರವಂತೆಯಲ್ಲಿ ಒಂದು ಮಗ್ಗುಲಿಗೆ ಕಡಲು, ಇನ್ನೊಂದಕ್ಕೆ ಸೌಪರ್ಣಿಕೆ ಎಂದು ಪೋಸು ಕೊಟ್ಟು ಫೋಟೊ ತೆಗೆಸಿಕೊಂಡಿದ್ದೀರಿ. ಇಷ್ಟು ವರ್ಷಗಳಾದರೂ ಕ್ಯಾಲೆಂಡರಿನಲ್ಲಿ ಬರುವುದು ಅದೊಂದೇ ಫೋಟೊ. ಕಾರವಾರದಲ್ಲಿ ಒಮ್ಮೆ ಮುಖ ತೋರಿಸುತ್ತೀರಿ. ಮಿಕ್ಕಂತೆ ತಮ್ಮ ಇಕ್ಕೆಲದಲ್ಲಿ ಸಿಮೆಂಟ್ ಅಂಗಡಿ, ಟೈಲ್ಸ್ ಅಂಗಡಿ, ಸಭಾಭವನ ಮತ್ತು ಒಳಗೆಲ್ಲೋ ಇರುವ ದೇವಸ್ಥಾನಗಳ ಸ್ವಾಗತ ಕಮಾನುಗಳು. ಕಡಲಿನ ಕಡೆಯ ಕಮಾನಿನೊಳಗೆ ನುಗ್ಗಿದವನಿಗೇ ಕಡಲು.

ಆದ್ದರಿಂದ ನಮ್ಮ ಯೋಜನೆಯ ಸಾರವೆಲ್ಲ ತಮ್ಮಿಂದ ತಪ್ಪಿಸಿಕೊಳ್ಳುವುದು ಹೇಗೆ ಎಂಬುದೇ. ಗೋಕರ್ಣದಿಂದ ತದಡಿಗೆ ಇಳಿದು, ದೋಣಿಗೆ ಸೈಕಲ್ ಏರಿಸಿ, ಹೊಳೆಯಾಚೆಯ ಅಘನಾಶಿನಿ ಊರಿಗೆ ಹೋಗಿ, ಕಾಗಾಲ, ಬಾಡದ ಮೇಲೆ ಕುಮಟಾ ಸೇರಬಹುದು. ಹಂಗಾರಕಟ್ಟೆಯಿಂದ ಕೋಡಿ ಬೆಂಗ್ರೆಗೆ ಇನ್ನೊಂದು ದೋಣಿ. ಮಲ್ಪೆಯಲ್ಲಿ ಸೇತುವೆ ದಾಟಿ ಪಡುಕೆರೆಗೆ ಬಿದ್ದರೆ ಮಟ್ಟುವಿನ ತನಕ ತೆಳ್ಳನೆಯ ಒಂದು ದಾರಿ. ಈಚೆ ಹೊಳೆ, ಆಚೆ ಕಡಲು, ನಡುವೆ ಒಣಹಾಕಿದ ಬಲೆ, ತೆಂಗಿನ ಮರ, ನಮ್ಮನ್ನು ಕಂಡೊಡನೆ ಹಿಂದೆ ಬೀಳುವ ನಾಯಿಗಳು. ಅಲ್ಲಿಂದ ಕಾಪು ದೀಪಸ್ತಂಭ ಹತ್ತಿರವೇ. ಮರವಂತೆಯಲ್ಲಿ ತಾವು ಕೊಡುವ ನೋಟವನ್ನೇ ಪಡುಕೆರೆಯ ದಾರಿ ಲಾರಿಯಿಲ್ಲದೆ, ಐಸ್‌ಕ್ರೀಂ ಗಾಡಿಯಿಲ್ಲದೆ ಕೊಡುತ್ತದೆ. ಈ ದಾರಿಗೊಂದು ನಂಬರು ಕೂಡ ಕೊಡಬೇಡಿ ಎಂದು ಈಗಲೇ ಬೇಡಿಕೊಳ್ಳುತ್ತೇನೆ. ಕೊಟ್ಟರೆ ಅಗಲ ಮಾಡಿಬಿಡುತ್ತಾರೆ.

ಆದರೂ ತಮ್ಮನ್ನು ಪೂರ್ತಿ ಬಿಡಲು ಈ ನೆಲ ಒಪ್ಪುವುದಿಲ್ಲ. ಘಟ್ಟದಿಂದ ಇಳಿದ ಪ್ರತಿ ಹೊಳೆಯೂ ಒಳದಾರಿಯನ್ನು ಕತ್ತರಿಸಿಯೇ ಕಡಲು ಸೇರುತ್ತದೆ. ಗಂಗಾವಳಿ, ಶರಾವತಿ, ವೆಂಕಟಾಪುರ, ಕುಂದಾಪುರದಲ್ಲಿ ಒಟ್ಟಾಗಿ ಬರುವ ಐದು ಹೊಳೆಗಳು, ಕೊನೆಗೆ ಶಾಂಭವಿ, ಫಲ್ಗುಣಿ. ಕಿನಾರೆ ಹಿಡಿದು ಜಂಬದಿಂದ ಬಂದವನು ಅಳಿವೆಯಲ್ಲಿ ನಿಂತು, ಎದುರು ದಂಡೆಯ ಮನೆಯ ಹೆಂಚು ಎಣಿಸಿ, ಒಳಗೆ ತಿರುಗಿ ತಮ್ಮ ಸೇತುವೆಯ ಕಾಲಿಗೇ ಬೀಳಬೇಕು. ಸಾಲ ಕೊಟ್ಟ ಸಂಬಂಧಿಕನ ಮನೆ ಮುಂದೆಯೇ ದಿನಾ ಹಾಯಬೇಕಾದವನ ಪಾಡು ನಮ್ಮದು.

ತಮ್ಮ ಮೇಲೆ ಬಂದಾಗಲಾದರೂ ನಮ್ಮ ಜಾಗ ಯಾವುದು, ಸ್ವಾಮಿ? ನಾಲ್ಕು ಪಥಗಳಲ್ಲಿ ನಾವಿಲ್ಲ. ಬಿಳಿಗೆರೆಯ ಆಚೆಗಿರುವುದು ಮರಳು, ಗಾಜಿನ ಚೂರು, ಕೆಟ್ಟು ನಿಂತ ಲಾರಿ, ಎಳನೀರು ಗಾಡಿ. ಯೂ-ಟರ್ನ್ ದೂರವೆಂದು ಎದುರಿನಿಂದಲೇ ಬರುವ ಸ್ಕೂಟರು. ಅದರ ಮೇಲೆ ನಮ್ಮನ್ನೇ ಗದರುವ ಗೃಹಸ್ಥರು. ಸರ್ವೀಸ್ ರಸ್ತೆ ಪೇಟೆಯುದ್ದಕ್ಕೂ ಮರ್ಯಾದೆಯಿಂದ ನಡೆಸಿಕೊಂಡು ಬಂದು ಹೊಳೆ ಕಂಡೊಡನೆ ಮಾಯವಾಗುತ್ತದೆ. ನಮ್ಮಿಂದ ಟೋಲ್ ಕೇಳುವುದಿಲ್ಲ, ಅದು ತಮ್ಮ ದೊಡ್ಡತನ. ದುಡ್ಡು ಕೊಡದವನಿಗೆ ಜಾಗವೂ ಇಲ್ಲ ಎಂಬ ಲೆಕ್ಕವನ್ನು ಬಾಯಿಬಿಟ್ಟು ಹೇಳದಿರುವುದು ಇನ್ನೂ ದೊಡ್ಡತನ.

ಮಳೆಗಾಲದಲ್ಲೇ ಬನ್ನಿ, ಕರಾವಳಿ ಚೆಂದ ಕಾಣುವುದು ಆಗಲೇ ಎನ್ನುವ ಸ್ನೇಹಿತರಿದ್ದಾರೆ. ಚೆಂದ ಹೌದು. ಆದರೆ 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ, ಅಗಲೀಕರಣಕ್ಕೆಂದು ಬುಡ ಕತ್ತರಿಸಿದ ಗುಡ್ಡ ಮಳೆಗೆ ಜಾರಿ ತಮ್ಮ ಮೇಲೆ ಬಿತ್ತು. ಚಹಾ ಅಂಗಡಿಯ ಸಂಸಾರವೂ ಲಾರಿಗಳೂ ಗಂಗಾವಳಿಯ ಪಾಲಾದವು. ಮರುತಿಂಗಳು ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಈ ಒಂದು ಕಡೆ ನನಗೆ ತಮಾಷೆ ಮಾಡಲು ಬರುವುದಿಲ್ಲ. ಗುಡ್ಡವನ್ನು ಗೋಡೆಯಂತೆ ನೆಟ್ಟಗೆ ಕಡಿದಲ್ಲೆಲ್ಲ ಸೈಕಲ್ಲಿನವನಿಗೆ ಕಾರಿನವನಿಗಿಂತ ಹೆಚ್ಚು ಹೊತ್ತು ಅದರ ಕೆಳಗೆ ಇರಬೇಕಾಗುತ್ತದೆ, ಅಷ್ಟೇ ವ್ಯತ್ಯಾಸ.

ಹಾಗಾಗಿ ಡಿಸೆಂಬರೇ ಸರಿ. ನಸುಕಿನಲ್ಲಿ ಹೊರಟು ಬಿಸಿಲೇರುವ ಮುನ್ನ ನೀರುದೋಸೆಯ ಮುಂದೆ ಇಳಿಯುವುದು. ತಾವು ನಮಗಾಗಿ ಹೊಸದೇನೂ ಮಾಡಬೇಕಿಲ್ಲ. ಸೈಕಲ್ ಪಥ ಎಂದು ಹಸಿರು ಬಣ್ಣ ಬಳಿಸಿದರೆ ಉದ್ಘಾಟನೆಯ ಮರುದಿನವೇ ಅಲ್ಲಿ ಕಾರು ನಿಲ್ಲಿಸುತ್ತಾರೆ. ಸೇತುವೆಗಳ ಮೇಲೆ ಮಾತ್ರ ಎಡಬದಿಯ ಒಂದು ಮೀಟರಿನಲ್ಲಿ ಮರಳು ಗುಡಿಸಿಡಿ. ತದಡಿಯ ದೋಣಿಯವನ ಹೊಟ್ಟೆಪಾಡಿಗೆ ಕಲ್ಲು ಹಾಕಬೇಡಿ. ರಂಬಲ್ ಸ್ಟ್ರಿಪ್ ಹಾಕಿಸುವಾಗ ನಮ್ಮ ಗುಂಪಿನ ಸರಾಸರಿ ವಯಸ್ಸನ್ನು ಒಮ್ಮೆ ನೆನೆಯಿರಿ.

ಇಂತಿ ತಮ್ಮ ವಿಧೇಯ,
ನಕ್ಷೆಯಲ್ಲಿ ಕಾಣದ ಐದನೆಯ ಪಥದವನು

ತಾ.ಕ.: ಉತ್ತರ ಕಳಿಸುವ ಮನಸ್ಸಾದರೆ ದಯವಿಟ್ಟು ಸರ್ವೀಸ್ ರಸ್ತೆಯಲ್ಲಿ ಕಳಿಸಬೇಡಿ. ಮುಂದಿನ ಹೊಳೆಯವರೆಗೂ ತಲುಪುವುದಿಲ್ಲ.