ಹೇಳ್ತೇನಿ ಕಾಕಾ

ಜಮಖಂಡಿಯ ಯಾವ ಚಹಾದಂಗಡಿಯಲ್ಲಾದರೂ ನಿಂತು ನಿಮ್ಮದೊಂದು ಕಷ್ಟವನ್ನು ಸ್ವಲ್ಪ ದೊಡ್ಡ ದನಿಯಲ್ಲಿ ತೋಡಿಕೊಳ್ಳಿ. ಹೊಲದ ಖಾತೆ ಬದಲಾವಣೆ ಇರಲಿ, ಸುಟ್ಟ ಟಿಸಿ ಇರಲಿ, ಮಗಳ ವರ್ಗಾವಣೆ ಇರಲಿ. ಅರ್ಧ ಕಪ್ ಆರುವುದರೊಳಗೆ ಪಕ್ಕದ ಬಾಕಿನಿಂದ ಒಂದು ಕೈ ನಿಮ್ಮ ಹೆಗಲ ಮೇಲೆ ಬೀಳುತ್ತದೆ. “ಅದಕ್ಯಾಕ ಚಿಂತಿ? ಸಾಹೇಬರಿಗೆ ನಾ ಒಂದ ಮಾತ ಹೇಳ್ತೇನಿ ಬಿಡ್ರಿ.”

ಈ ತಳಿ ಮುಧೋಳದಲ್ಲೂ ಇದೆ, ಬೀಳಗಿಯಲ್ಲೂ ಇದೆ. ರಬಕವಿ-ಬನಹಟ್ಟಿಗೆ ನಗರಸಭೆ ಒಂದೇ ಆದರೂ ಇದು ಮಾತ್ರ ಊರಿಗೊಂದು ಬೇರೆ ಬೇರೆ. ಇವರು ದಲಾಲರಲ್ಲ, ಒಂದು ಪೈಸೆ ಮುಟ್ಟುವುದಿಲ್ಲ. ಮುಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು; ಕೊಟ್ಟು ಕೈ ತೊಳೆದುಕೊಳ್ಳಬಹುದಿತ್ತು. ಇವರಿಗೆ ಬೇಕಾದದ್ದು ಚಹಾ, ಜೊತೆಗೆ ಒಂದಿಷ್ಟು ಮಿರ್ಚಿ ಭಜಿ, ಮತ್ತು ಕೆಲಸ ಆದ ಮೇಲೆ ಅದು ತಮ್ಮಿಂದಲೇ ಆಯಿತೆಂಬ ಹೆಸರು.

ನನ್ನ ಪಾಲಿಗೆ ಬಂದವರು ನಮ್ಮಪ್ಪನ ಚುಲತ ತಮ್ಮ. ಊರೆಲ್ಲ ಅವರನ್ನು ‘ಹೇಳ್ತೇನಿ ಕಾಕಾ’ ಎಂದೇ ಕರೆಯುತ್ತದೆ. ಎಪ್ಪತ್ತು ದಾಟಿದೆ. ಬಿಳಿ ಅಂಗಿಯ ಕಿಸೆಯಲ್ಲಿ ರಬ್ಬರ್ ಬ್ಯಾಂಡ್ ಸುತ್ತಿದ ಡೈರಿ. ಅದರಲ್ಲಿ ಹೆಸರುಗಳಿಲ್ಲ, ಗುರುತುಗಳಿವೆ: ‘ತಹಶೀಲ್ದಾರ ಹಳೇ’, ‘ತಹಶೀಲ್ದಾರ ಹೊಸಾ’, ‘ಲೈನ್‌ಮನ್ ಉದ್ದಾನವ’, ‘ಬೆಂಗಳೂರು ಸಾಹೇಬ ಚಾಳೀಸದವ’. ಸತ್ತವರ ನಂಬರನ್ನೂ ಹೊಡೆದು ಹಾಕುವುದಿಲ್ಲ. ಕೇಳಿದರೆ, “ಇರಲಿ, ಅವರ ಮಗ ಎತ್ತತಾನ” ಎನ್ನುತ್ತಾರೆ.

ನನ್ನ ಮಗಳು ಆಗ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಬಿ.ಎಸ್ಸಿ. ಮೂರನೇ ವರ್ಷ. ಬೆಳೆ ಹೇಗೆ ಬರುತ್ತದೆ ಎನ್ನುವುದಕ್ಕಿಂತ, ಬಂದ ಬೆಳೆಗೆ ರೇಟು ಯಾಕೆ ಬರುವುದಿಲ್ಲ ಎನ್ನುವುದೇ ಅವಳಿಗೆ ತಲೆಕೊರೆತ. ದಿಲ್ಲಿಯ ನೀತಿ ಆಯೋಗದಲ್ಲಿ ವಿದ್ಯಾರ್ಥಿಗಳಿಗೆ ಇಂಟರ್ನ್‌ಶಿಪ್ ಇದೆಯೆಂದು ತಾನೇ ಹುಡುಕಿಕೊಂಡಿದ್ದಳು. ಪ್ರತಿ ತಿಂಗಳು 1ರಿಂದ 10ನೇ ತಾರೀಖಿನವರೆಗೆ ಅರ್ಜಿ. ಪದವಿಯ ಎರಡು ವರ್ಷ ಮುಗಿದಿರಬೇಕು, ಪಿಯುಸಿಯಲ್ಲಿ ನೂರಕ್ಕೆ 85 ಬಂದಿರಬೇಕು. ಕಡಿಮೆಯೆಂದರೆ ಆರು ವಾರ, ಹೆಚ್ಚೆಂದರೆ ಆರು ತಿಂಗಳು. ಪಗಾರ ಇಲ್ಲ, ಲ್ಯಾಪ್‌ಟಾಪ್ ಸಹ ನಮ್ಮದೇ. ಎಲ್ಲ ಆನ್‌ಲೈನ್. ನಾನು ಮಾಡಿದ ತಪ್ಪು ಒಂದೇ: ಇದನ್ನು ಕಾಕಾ ಬಂದು ಕುಳಿತಾಗ ಬಾಯಿಬಿಟ್ಟೆ.

“ಪಗಾರಿಲ್ಲದ ಕೆಲಸಕ್ಕ ಇಷ್ಟ ಮಂದಿ ಬಡದಾಡತಾರಂದ್ರ ಒಳಗ ಏನೋ ಐತಿ” ಎಂದರು ಕಾಕಾ. ಆಮೇಲೆ ಮಗಳ ಕಡೆ ತಿರುಗಿ, “ಯವ್ವಾ, ಬಟನ್ ಒತ್ತಬ್ಯಾಡ. ಮೊದಲ ಹೇಳೂಣು, ಆಮ್ಯಾಲ ಒತ್ತೂಣು.”

ಅವತ್ತು ತಾರೀಖು 3. ದಿಲ್ಲಿಯವರಿಗೆ ಹೇಳುವವರು ಯಾರು ಎಂಬ ಶೋಧ ಶುರುವಾಯಿತು. ಕಾಕಾ ನಿಟ್ಟುಸಿರಿಟ್ಟು ನೆನೆದದ್ದು ಬಿ.ಡಿ. ಜತ್ತಿಯವರನ್ನು. “ನಮ್ಮ ಸಾವಳಗಿಯವರು. ರಾಷ್ಟ್ರಪತಿ ಖುರ್ಚಿಯೊಳಗ ಕುಂತಾರ. ಈಗ ಇದ್ದಿದ್ರ ಒಂದ ಕಾಗದ ಸಾಕಿತ್ತು.” ಹಂಗಾಮಿ ರಾಷ್ಟ್ರಪತಿ, 1977ರಲ್ಲಿ, ಕೆಲವೇ ತಿಂಗಳು ಎಂದು ನಾನು ಮಾಸ್ತರಿಕೆ ತೋರಿಸಿದೆ. “ಹಂಗಾಮಿ ಅಂದ್ರೇನ ಖುರ್ಚಿ ಸಣ್ಣದಿರತೈತೇನು?” ಎಂದು ಕಾಕಾ ನನ್ನ ಬಾಯಿ ಮುಚ್ಚಿಸಿದರು.

ಆಳುಗಳನ್ನು ಹುಡುಕುವುದರಲ್ಲಿಯೇ ನಾಲ್ಕು ದಿನ ಹೋದವು. 8ರ ಬೆಳಿಗ್ಗೆ ನನ್ನ ಕಾರಿನಲ್ಲಿ ಯಾತ್ರೆ ಹೊರಟಿತು. ಪೆಟ್ರೋಲ್ ಬಂಕಿನಲ್ಲಿ ನಾನು ಕಿಸೆಗೆ ಕೈ ಹಾಕುವಾಗ ಕಾಕಾ ಒಪ್ಪಂದವನ್ನು ನೆನಪಿಸಿದರು: “ಗಾಡಿ ನಿಂದು, ವಶೀಲಿ ನಂದು.”

ಮುಧೋಳದ ದಾರಿಯಲ್ಲಿ ನಾಯಿಗಳ ಮಾತು ಬಂತು. ಇಲ್ಲಿನ ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದ ಮುಧೋಳ ನಾಯಿಗಳನ್ನು 2016ರಲ್ಲಿ ಸೇನೆಯವರು ತರಬೇತಿಗೆಂದು ಮೀರತ್‌ಗೆ ಒಯ್ದಿದ್ದರು. ಹಿಂದಿನ ಸೀಟಿನಿಂದ ಮಗಳು ಕೇಳಿದಳು: “ಮುತ್ಯಾ, ಅವಕ್ಕ ಯಾರು ಹೇಳಿದ್ರು?” ಕಾಕಾ ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿದರು. “ನಾಯಿ ಓಡಿ ತೋರಸತೈತಿ. ನೀ ಏನ ತೋರಸ್ತಿ? ಮಾರ್ಕ್ಸ್ ಕಾರ್ಡ. ಅದಕ್ಕ ಹೇಳಬೇಕಾಗತೈತಿ.” ಈ ತರ್ಕಕ್ಕೆ ನನಗೆ ಇವತ್ತಿಗೂ ಉತ್ತರ ಸಿಕ್ಕಿಲ್ಲ.

ಮುಧೋಳದಲ್ಲಿ ಕಂಡವರು ಕೃಷಿ ಇಲಾಖೆಯಿಂದ ನಿವೃತ್ತರಾದ ಹಿರಿಯರು. ಸಜ್ಜನರು. ವಿಷಯ ಕೇಳಿ, “ಇದು ಆನ್‌ಲೈನ್ ಐತ್ರಿ, ನಡುವ ಯಾರೂ ಬರಂಗಿಲ್ಲ. ಇವತ್ತ ತುಂಬಿಬಿಡ್ರಿ” ಎಂದರು. ಅಷ್ಟಕ್ಕೇ ಎದ್ದು ಬಂದಿದ್ದರೆ ಈ ಲೇಖನ ಇರುತ್ತಿರಲಿಲ್ಲ. ಚಹಾ ಬಂತು, ಚಹಾದ ಹಿಂದೆ ಕಬ್ಬು ಬಂತು. ನಮ್ಮ ಕಡೆ ಯಾವ ಮಾತು ಶುರುವಾದರೂ ಕೊನೆಗೆ ಫ್ಯಾಕ್ಟರಿ ಗೇಟಿಗೇ ಹೋಗಿ ನಿಲ್ಲುತ್ತದೆ. 2022-23ರ ಹಂಗಾಮಿಗೆ ಕೇಂದ್ರ ಕೊಟ್ಟ ಕಬ್ಬಿನ ದರ, ಅಂದರೆ ಎಫ್‌ಆರ್‌ಪಿ, ಕ್ವಿಂಟಲ್‌ಗೆ 305 ರೂಪಾಯಿ. ಅದೂ ಸಕ್ಕರೆ ಇಳುವರಿ ನೂರಕ್ಕೆ 10.25 ಬಂದರೆ. ಅದರ ಮೇಲೆ ಪ್ರತಿ 0.1ಕ್ಕೆ 3 ರೂಪಾಯಿ 5 ಪೈಸೆ ಜಾಸ್ತಿ. ಕಟಾವು ತಡವಾಗಿ ಕಬ್ಬು ಹೊಲದಲ್ಲೇ ಒಣಗಿದರೆ ತೂಕ ಯಾರಿಗೆ ಹೋಯಿತು, ರಿಕವರಿ ಯಾರಿಗೆ ಬಂತು ಎಂದು ಮಗಳು ಕೇಳಿದಳು. ಹಿರಿಯರು ಹಾಳೆ ತೆಗೆದುಕೊಂಡು ಲೆಕ್ಕ ಹಾಕತೊಡಗಿದರು. ತಾಸೂವರೆ ಹೋಯಿತು. ಹೊರಗೆ ಬಂದು ಕಾಕಾ ಕಾರಿನ ಬಾಗಿಲು ಹಾಕಿಕೊಂಡು, “ದೊಡ್ಡವರು ಹಂಗ ಹೇಳ್ತಾರ. ಆನ್‌ಲೈನ್ ಅಂದ್ರ ಅರ್ಥ ಏನು? ನನ್ನ ಮಟ್ಟಕ್ಕ ಆಗಂಗಿಲ್ಲ, ಮ್ಯಾಲ ಹೋಗ್ರಿ ಅಂತ.”

ಮೇಲೆ ಅಂದರೆ ಬೀಳಗಿ. ಅಲ್ಲಿ ಕಾಕಾನ ಹಳೆಯ ಗೆಳೆಯ. ಅವರ ಅರ್ಧ ಹೊಲ ಆಲಮಟ್ಟಿಯ ಹಿನ್ನೀರಿನ ಪಾಲಾಗಿದೆ, ಉಳಿದರ್ಧ ಅಣೆಕಟ್ಟಿನ ಎತ್ತರ 519.60 ಮೀಟರಿನಿಂದ 524.256ಕ್ಕೆ ಏರುವುದನ್ನು ಕಾಯುತ್ತಿದೆ. ಅವರ ಸೊಸೆಯ ತಮ್ಮ ದಿಲ್ಲಿಯಲ್ಲಿದ್ದಾನೆ, ಅದೂ ಕೃಷಿ ಭವನದ ಹತ್ತಿರ. ಹತ್ತಿರ ಅಂದರೆ ಏನು ಎಂದು ನಾನು ಕೆದಕಿದೆ. “ಹತ್ತರ ಅಂದ್ರ, ಅಲ್ಲಿಗೆ ಹೋಗೂ ಬಸ್ ನಂಬರ ಅವಗ ಗೊತ್ತೈತಿ” ಎಂದರು ಗೆಳೆಯರು. ಕಾಕಾನ ಮುಖ ಅರಳಿತು. ಡೈರಿ ಹೊರಬಂತು. ‘ದಿಲ್ಲಿ ಬಸ್ಸಿನವ’.

ದಿಲ್ಲಿ ಬಸ್ಸಿನವನ ನಂಬರಿಗೆ ಫೋನ್ ಹತ್ತಲಿಲ್ಲ. ಅವನ ರೂಮಿನಲ್ಲಿ ಹಿಂದೊಮ್ಮೆ ಇದ್ದ ಹುಡುಗನ ತಂದೆ ಬನಹಟ್ಟಿಯಲ್ಲಿ ಮಗ್ಗದ ಮಾಲಕರು. ಹೀಗಾಗಿ ಮರುದಿನ, 9ರಂದು, ಬನಹಟ್ಟಿ. ಪಾವರ್‌ಲೂಮಿನ ಶೆಡ್ಡಿನಲ್ಲಿ ನಿಂತು ಕಾಕಾ ದಿಲ್ಲಿಗೆ ಮಾತಾಡಿದರು. ಮಗ್ಗದ ಖಟಖಟಕ್ಕೆ ಅವರಿಗೆ ದಿಲ್ಲಿ ಕೇಳಿಸಲಿಲ್ಲ, ದಿಲ್ಲಿಗೆ ಇವರು ಕೇಳಿಸಲಿಲ್ಲ, ಆದರೂ ಮಾತುಕತೆ ಹತ್ತು ನಿಮಿಷ ನಡೆದು, “ಆತಂತ!” ಎಂದು ಮುಗಿಯಿತು. ಅಷ್ಟರಲ್ಲಿ ಮಗಳು ನೇಕಾರ ಹೆಣ್ಣುಮಗಳೊಬ್ಬಳ ಪಕ್ಕ ಕೂತು ನೂಲಿನ ದರ, ಸೀರೆಗೆ ಕೂಲಿ, ಕರೆಂಟ್ ಹೋದ ತಾಸುಗಳನ್ನು ನೋಟ್‌ಬುಕ್ಕಿನಲ್ಲಿ ಮೂರು ಪುಟ ಬರೆದಿದ್ದಳು. ಬರುವಾಗ ಮಹಾಲಿಂಗಪುರದ ಬೆಲ್ಲದ ಪೇಟೆಯಲ್ಲೂ ಇಳಿಯುತ್ತೇನೆಂದಳು. ಕಾಕಾ ಗದರಿದರು: “ಬೆಲ್ಲ ನೋಡಾಕ ಬಂದೇವೇನು? ನಾವು ಬಂದದ್ದು ಕೃಷಿ ಅರ್ಥಶಾಸ್ತ್ರದ ಕೆಲಸಕ್ಕ.”

10ರ ರಾತ್ರಿ. ಅರ್ಜಿ ತುಂಬಿ ಮುಗಿದಿತ್ತು, ಕೊನೆಯ ಬಟನ್ ಒಂದೇ ಬಾಕಿ. ಕಾಕಾ ಫೋನ್ ಮಾಡಿದರು: “ನಾಳೆ ಮುಂಜಾನೆ ಆಂವ ಒಳಗ ಹೋಗಿ ಹೇಳ್ತಾನಂತ. ಹೇಳಿದ ಮ್ಯಾಲ ಒತ್ರಿ.” ಮಗಳು ನನ್ನ ಮುಖ ನೋಡಿದಳು. ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಸಮಯಪಾಲನೆಯ ಮೇಲೆ ಪ್ರಬಂಧ ಬರೆಸಿದ ನಾನು, “ಇಷ್ಟ ಮಾಡೇವಿ, ಒಂದ ರಾತ್ರಿ ನೋಡೂಣಲ್ಲ” ಅಂದೆ. ಯಾಕೆ ಅಂದೆ? ಕಾಕಾ ನಂಬಿದ್ದನ್ನು ಒಳಗೊಳಗೆ ನಾನೂ ನಂಬಿದ್ದೆ ಎನ್ನುವುದನ್ನು ಬಿಟ್ಟರೆ ಬೇರೆ ಕಾರಣ ಹೊಳೆಯುವುದಿಲ್ಲ.

11ರ ಬೆಳಿಗ್ಗೆ ಒಂಬತ್ತಕ್ಕೆ ದಿಲ್ಲಿಯಿಂದ ಫೋನ್ ಬಂತು. “ಅಂಕಲ್, ಅದು ಆನ್‌ಲೈನ್ ಐತ್ರಿ. ನಿನ್ನೆಗೇ ಮುಗದೈತಿ.”

ಮಗಳು ಮೂರು ದಿನ ಮಾತಾಡಲಿಲ್ಲ, ಕಾಕಾನ ಜೊತೆ ಅಲ್ಲ, ನನ್ನ ಜೊತೆ. ಮುಂದಿನ ತಿಂಗಳ 1ನೇ ತಾರೀಖು ಯಾರಿಗೂ ಹೇಳದೆ ತಾನೇ ಹಾಕಿದಳು. ಆಯ್ಕೆ ಆಗಲಿಲ್ಲ. ಇಡೀ ದೇಶದಿಂದ ಬರುವ ಅರ್ಜಿಗಳಲ್ಲಿ ಅದೇನು ವಿಶೇಷವಲ್ಲ. ಕಾಕಾಗೆ ಮಾತ್ರ ಕಾರಣ ಸ್ಪಷ್ಟವಿತ್ತು: “ಹೇಳದ ಹಾಕಿದ್ರ ಹಂಗ.”

ಉಳಿದ ಕಿರಿಕಿರಿಗಳನ್ನು ಬೇಗ ಮುಗಿಸುತ್ತೇನೆ. ಅವರು ಮದುವೆಯಲ್ಲಿ ಊಟಕ್ಕೆ ಕುಳಿತಾಗಲೇ ಶಾಸಕರ ಪಿಎಗೆ ಫೋನ್ ಹಚ್ಚಿ ನಿಮ್ಮ ಕಿವಿಗೆ ಹಿಡಿಯುತ್ತಾರೆ. 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ಸರ್ಕಾರಕ್ಕೆ ಹೇಳಿ ಹೇಳಿ ಬೇಸತ್ತ ರೈತರು ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ತಾವೇ ದುಡ್ಡು ಹಾಕಿ, ಮೈ ಮುರಿದು ಬ್ಯಾರೇಜು ಕಟ್ಟಿಕೊಂಡರಲ್ಲ, ಆ ಶ್ರಮಬಿಂದು ಸಾಗರವನ್ನೂ ಕಾಕಾ, “ಸಿದ್ದೂಗ ನಾನ ಹೇಳಿದ್ದು” ಅನ್ನುತ್ತಾರೆ. 2024ರ ಕೊನೆಗೆ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ಬಂದಾಗ ಪ್ರಧಾನಿ ಕಚೇರಿಯಲ್ಲೇ ಖುರ್ಚಿ ಎಂದು ಓಡಿ ಬಂದರು. ಅದು ದೊಡ್ಡ ಕಂಪನಿಗಳಲ್ಲಿ, ತಿಂಗಳಿಗೆ 5,000 ರೂಪಾಯಿ, ಪೂರ್ಣಾವಧಿ ಓದುವವರಿಗೆ ಇಲ್ಲವೇ ಇಲ್ಲ ಎಂದು ತಿಳಿಸಿ ಹೇಳಲು ನನಗೆ ಎರಡು ಸಂಜೆ ಹಿಡಿಯಿತು.

ಆದರೆ ಇನ್ನೊಂದು ದಿನದ ಮಾತಿದೆ. 2023, ಬರದ ವರ್ಷ. ಕೊನೆಯ ವರ್ಷದ ಕೃಷಿ ವಿದ್ಯಾರ್ಥಿಗಳು ಹಳ್ಳಿಯಲ್ಲೇ ಇದ್ದು ಕಲಿಯಬೇಕು, ರಾವೆ ಎನ್ನುತ್ತಾರೆ ಅದಕ್ಕೆ. ಇದಕ್ಕೆ ಅರ್ಜಿ ಇಲ್ಲ, ವಶೀಲಿ ಇಲ್ಲ, ಎಲ್ಲರಿಗೂ ಕಡ್ಡಾಯ. ಮಗಳಿಗೆ ನಮ್ಮ ಜಿಲ್ಲೆಯದೇ ಒಂದು ಹಳ್ಳಿ ಬಂತು. ರೊಟ್ಟಿ, ಶೇಂಗಾ ಚಟ್ನಿ ಗಂಟು ಕಟ್ಟಿಕೊಂಡು ನಾನೂ ಕಾಕಾನೂ ಹೋದೆವು. ಅವತ್ತು ಗೋವಿನಜೋಳದ ಹೊಲದಲ್ಲಿ ಬೆಳೆ ಕಟಾವು ಪ್ರಯೋಗ ನಡೆದಿತ್ತು, ಹುಡುಗರೆಲ್ಲ ನೋಡಲು ನಿಂತಿದ್ದರು. ಹೊಲದಲ್ಲಿ 5 ಮೀಟರ್ ಉದ್ದ, 5 ಮೀಟರ್ ಅಗಲದ ಚೌಕ ಹಾಕಿ, ಅದರೊಳಗಿನ ಬೆಳೆಯನ್ನಷ್ಟೇ ಕೊಯ್ದು ತೂಗುತ್ತಾರೆ. ಇಂಥ ಕೆಲವು ಚೌಕಗಳ ತೂಕದ ಮೇಲೆ ಇಡೀ ಊರಿನ ಇಳುವರಿ, ಅದರ ಮೇಲೆ ಬೆಳೆ ವಿಮೆ. ಚೌಕ ಎಲ್ಲಿ ಬೀಳಬೇಕೆಂಬುದನ್ನು ಮನುಷ್ಯ ಆರಿಸುವಂತಿಲ್ಲ. ಚೀಟಿ ಎತ್ತಿದ ಹಾಗೆ ಬಂದ ಸಂಖ್ಯೆಯಷ್ಟು ಹೆಜ್ಜೆ ಹಾಕಿ, ನಿಂತಲ್ಲೇ ಗೂಟ.

ಹೆಜ್ಜೆ ಎಣಿಸಿದರೆ ಚೌಕ ಬಂದದ್ದು ಹೊಲದಲ್ಲಿ ಒಂದಿಷ್ಟು ಹಸಿರು ಉಳಿದ ಕಡೆಯೇ. ಹೊಲದ ಯಜಮಾನನ ಮುಖ ಬಾಡಿತು. ತೂಕ ಜಾಸ್ತಿ ಬಂದರೆ ವಿಮೆ ಹೋಯಿತು. ಅವನು ಬಂದು ಕಾಕಾನ ಕೈ ಹಿಡಿದ. “ಯಜಮಾನ್ರ, ನೀವು ಹಿರೇರು. ಆ ಒಣಗಿದ ಮೂಲ್ಯಾಗ ಹಾಕ್ರಿ ಅಂತ ಸಾಹೇಬರಿಗೆ ಒಂದ ಮಾತ ಹೇಳ್ರಿ.”

ನಾನು ಕಾಕಾನ ಬಾಯಿಯನ್ನೇ ನೋಡಿದೆ. ಎಪ್ಪತ್ತು ವರ್ಷದಲ್ಲಿ ಈ ಮಾತಿಗೆ ಆ ಬಾಯಿ ಇಲ್ಲ ಅಂದದ್ದಿಲ್ಲ.

“ಇದರಾಗ ಹೇಳಾಕ ಬರಂಗಿಲ್ಲಪಾ” ಎಂದರು ಕಾಕಾ. “ನಂಬರ ಎಲ್ಲಿ ಬಂತು, ಅಲ್ಲೇ.” ಹಾಗೆಂದವರೇ ಪಂಚೆ ಎತ್ತಿ ಕಟ್ಟಿ ಹೊಲಕ್ಕಿಳಿದು ಹಗ್ಗದ ತುದಿ ಹಿಡಿದರು. ಮೂಲೆಯಿಂದ ಮೂಲೆಗೆ ಕರ್ಣ ಅಳೆಸಿದರು, ಎರಡೂ ಕರ್ಣ ಸಮ ಬರುವ ತನಕ ಗೂಟ ಕದಲಿಸಿದರು. ಸಾಲಿನ ಮೇಲೆ ನಿಂತ ಗಿಡ ಒಳಗೋ ಹೊರಗೋ ಎಂದು ಹುಡುಗರು ಜಗಳಾಡಿದರೆ, ಬೇರು ಎಲ್ಲಿದೆ ನೋಡಿ ತೀರ್ಪು ಕೊಟ್ಟರು. ಬಂದಿದ್ದ ಸಿಬ್ಬಂದಿಯೇ ಒಂದು ಹೆಜ್ಜೆ ಹಿಂದೆ ಸರಿದ.

ಬರುವಾಗ ಕಾರಿನಲ್ಲಿ ಕೇಳಿದೆ. ಬಿ.ಎ. ಮುಗಿಸಿದ ಮೇಲೆ ಎರಡು ಸುಗ್ಗಿ ದಿನಗೂಲಿಯ ಮೇಲೆ ಗ್ರಾಮಸೇವಕರ ಜೊತೆ ಹಗ್ಗ ಹಿಡಿದಿದ್ದರಂತೆ. ಕಾಯಂ ಆಗುತ್ತದೆ ಎಂದಿದ್ದರಂತೆ. “ಆಗಲಿಲ್ಲ. ಮ್ಯಾಲ ಹೇಳವರು ಬೇಕಿತ್ತು” ಎಂದು ಅವರು ಡೈರಿಯ ರಬ್ಬರ್ ಬ್ಯಾಂಡನ್ನು ಬೆರಳಿಗೆ ಸುತ್ತಿ ಬಿಚ್ಚುತ್ತ ಕುಳಿತರು. ಬೀಳಗಿ ಕ್ರಾಸ್ ಬರುವವರೆಗೆ ಇಬ್ಬರೂ ಮಾತಾಡಲಿಲ್ಲ. ಕ್ರಾಸಿನಲ್ಲಿ ಗಿರಮಿಟ್ ತಿಂದ ಮೇಲೆ ಮತ್ತೆ ಮೊದಲಿನವರಾದರು.

ಮಗಳು ಎಂ.ಎಸ್ಸಿ.ಗೆ ಕೃಷಿ ಅರ್ಥಶಾಸ್ತ್ರವನ್ನೇ ಹಿಡಿದಳು. ನಬಾರ್ಡ್‌ನವರು ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಕೊಡುವ ಇಂಟರ್ನ್‌ಶಿಪ್‌ಗೆ ಆಯ್ಕೆಯಾದಳು. ಎಂಟರಿಂದ ಹನ್ನೆರಡು ವಾರದ ಕೆಲಸ, ತಿಂಗಳಿಗೆ 18,000 ರೂಪಾಯಿ. ಸಂದರ್ಶನದಲ್ಲಿ ಅವಳು ಮಾತಾಡಿದ್ದು ಬನಹಟ್ಟಿಯ ಆ ಮೂರು ಪುಟದ ಬಗ್ಗೆ. ಪೇಟೆಯಲ್ಲಿ ಕಾಕಾ ಪೇಢೆ ಹಂಚಿದರು, ತಮ್ಮದೇ ದುಡ್ಡಿನಲ್ಲಿ. “ನಬಾರ್ಡಿನವರಿಗೆ ನಾನ ಹೇಳಿದ್ದೆ” ಎಂದು ಎಲ್ಲರಿಗೂ ಹೇಳಿದರು. ಮಗಳು ತಕರಾರು ತೆಗೆಯಲಿಲ್ಲ. ನಾನು ತೆಗೆಯಹೋದರೆ ಕಾಲು ತುಳಿದಳು.

ಮೊನ್ನೆ ರಾತ್ರಿ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಬೀಳಗಿ ಕಡೆಯ ಒಕ್ಕಲಿಗರು, ಮಗ ಅರ್ಥಶಾಸ್ತ್ರ ಓದುತ್ತಿದ್ದಾನೆ. “ಸಾಹೇಬ್ರ, ಕಾಕಾ ನಿಮ್ಮ ನಂಬರ ಕೊಟ್ರು. ಡೈರಿಯೊಳಗ ‘ದಿಲ್ಲಿ ಮಾಸ್ತರ’ ಅಂತ ಐತಿ ನೋಡ್ರಿ. ನಮ್ಮ ಹುಡುಗಗೂ ಆಯೋಗದಾಗ ಒಂದ ಇಂಟರ್ನ್‌ಶಿಪ್ ಆಗಬೇಕ್ರಿ.”

ನಾನು ಎದ್ದು ಕುಳಿತೆ. ತಾರೀಖು 1ರಿಂದ 10, ಪಿಯುಸಿಯಲ್ಲಿ 85, ಲ್ಯಾಪ್‌ಟಾಪ್ ಸ್ವಂತದ್ದು, ಪಗಾರ ಇಲ್ಲ, ಅರ್ಜಿ ಆನ್‌ಲೈನ್, ನಡುವೆ ಯಾರೂ ಇಲ್ಲ, ಬಟನ್ ಅವನೇ ಒತ್ತಬೇಕು, ಒಂದನೇ ತಾರೀಖಿಗೇ ಒತ್ತಬೇಕು ಎಂದು ಒಂದೊಂದಾಗಿ ಹತ್ತು ನಿಮಿಷ ಬಿಡಿಸಿ ಹೇಳಿದೆ. ಆ ಮನುಷ್ಯ ನಡುನಡುವೆ “ಹೌದ್ರಿ, ಹೌದ್ರಿ” ಎನ್ನುತ್ತ ಪೂರ್ತಿ ಕೇಳಿದ. ನಾನು ಮುಗಿಸಿದ ಮೇಲೆ ದನಿ ತಗ್ಗಿಸಿ ಕೇಳಿದ:

“ಅದೆಲ್ಲಾ ಆತ್ರಿ. ಆದ್ರ ಹೇಳೂದು ಯಾರಿಗ್ರಿ?”