ಬೀಗರನ್ನ ಎರಡು ರಾತ್ರಿ ಇಟ್ಕೊಳ್ರಿ

"ಅಲ್ರೀ ಅಕ್ಕಾರ, ಬೀಗರು ಮುಂಜಾನೆ ಬಂದು ಇಳಿದು, ಮಂತ್ರಾಲಯಕ್ಕ ಹೋಗಿ ಬಂದು, ಅವತ್ತ ರಾತ್ರಿ ರೈಲು ಹತ್ತಿ ಬೆಂಗಳೂರಿಗೆ ಹೊಂಟ್ರಂದ್ರ ಅವರು ರಾಯಚೂರಿಗೆ ಬಂದಂಗ ಹೆಂಗಾತು?"

ಪಕ್ಕದ ಮನೆ ಅಕ್ಕಾರು ಕಾಂಪೌಂಡಿನ ಆಚೆ ಕೂತು ಪುಂಡಿ ಸೊಪ್ಪು ಬಿಡಿಸುತ್ತಿದ್ದರು. ಮಗಳನ್ನು ಕೊಟ್ಟ ಮನೆಯವರು ಡಿಸೆಂಬರಿನಲ್ಲಿ ಬರುತ್ತಾರೆ. ಮದುವೆಯಾದ ಮೇಲೆ ಇದೇ ಮೊದಲ ಸಲ. ಮಂತ್ರಾಲಯಕ್ಕೆ ಕಾರು ಮಾತಾಡಿದ್ದಾಗಿದೆ, ವಾಪಸು ಟಿಕೆಟ್ಟೂ ತೆಗೆಸಿದ್ದಾಗಿದೆ. ಊರಿಗೆಂದು ಒಂದು ರಾತ್ರಿಯನ್ನೂ ಇಟ್ಟಿಲ್ಲ.

"ಇಟ್ಕೊಂಡು ಏನ್ ತೋರಿಸ್ಲಿ ಮಾಸ್ತರ? ನಮ್ಮೂರಾಗ ಏನದ? ಬಿಸಲು, ಧೂಳು, ಶಕ್ತಿನಗರದ ಚಿಮಣಿ" ಅಂದರು.

ಈ ಮಾತನ್ನು ಹೊರಗಿನವರಿಗಿಂತ ನಮ್ಮವರ ಬಾಯಿಂದಲೇ ನಾನು ಹೆಚ್ಚು ಕೇಳಿದ್ದೇನೆ. ವರ್ಗವಾಗಿ ಬರುವ ನೌಕರರು ರಾಯಚೂರೆಂದರೆ ಶಿಕ್ಷೆ ಎಂದುಕೊಂಡೇ ಬಂದು ಇಳಿಯುತ್ತಾರೆ. ಪೇಪರಿನಲ್ಲಿ ಊರಿನ ಹೆಸರು ಬರುವುದು ಬೇಸಿಗೆಯ ತಾಪ ಎಷ್ಟು ಡಿಗ್ರಿ ಎಂದು ಹೇಳುವುದಕ್ಕೆ, ಇಲ್ಲವೇ ಹಿಂದುಳಿದ ತಾಲ್ಲೂಕುಗಳ ಪಟ್ಟಿ ಹಾಕುವುದಕ್ಕೆ. ಅದನ್ನೇ ಓದಿ ಓದಿ ನಾವೂ ನಂಬಿಬಿಟ್ಟಿದ್ದೇವೆ. ಬಂದವರನ್ನು ಎರಡು ರಾತ್ರಿ ಉಳಿಸಿಕೊಂಡರೆ ಈ ಊರು ತಂತಾನೇ ಮನಸ್ಸಿಗೆ ಹತ್ತುತ್ತದೆ. ಒಂದು ದಿನದ ಅವಸರದಲ್ಲಿ ಹತ್ತುವುದಿಲ್ಲ.

"ಅಮೆರಿಕಕ್ಕ ಹೋದಾಗ ಮಗ ನಿಮಗ ನಯಾಗರಾ ಅಷ್ಟ ತೋರಿಸಿ ಕಳಿಸಿದ್ನೇನ್ರಿ?" ಅಂತ ಕೇಳಿದೆ.

ಇಲ್ಲ. ಅವರ ಮಗ ಇರುವುದು ಬಫಲೋದಲ್ಲಿ. ನಯಾಗರಾ ಜಲಪಾತ ಅಲ್ಲಿಂದ ಅರ್ಧ ತಾಸಿನ ದಾರಿ. ಜಗತ್ತಿನ ಮಂದಿ ಜಲಪಾತಕ್ಕೆ ಹೋಗುತ್ತಾರೆ, ಬಫಲೋದಲ್ಲಿ ನಿಲ್ಲುವವರು ಕಡಿಮೆ. ಇವರನ್ನು ಮಾತ್ರ ಮಗ ಹಟ ಹಿಡಿದು ಊರೆಲ್ಲ ಸುತ್ತಾಡಿಸಿದ. 1825ರಲ್ಲಿ ಈರಿ ಕಾಲುವೆ ತೆರೆದ ಮೇಲೆ ಆ ದೇಶದ ದವಸವೆಲ್ಲ ಬಂದು ಬೀಳುತ್ತಿದ್ದ ಊರು ಅದು. ಹಡಗಿನ ಕಾಳನ್ನು ಉಗಿಯಂತ್ರದಿಂದ ಮೇಲೆತ್ತಿ ಕಣಜಕ್ಕೆ ತುಂಬುವ ಏರ್ಪಾಟನ್ನು 1842ರಲ್ಲಿ ಜೋಸೆಫ್ ಡಾರ್ಟ್ ಎಂಬುವನು ಮೊದಲು ಮಾಡಿದ್ದು ಅಲ್ಲೇ. ಆಮೇಲೆ ಕಟ್ಟಿದ ಭಾರಿ ಕಾಂಕ್ರೀಟಿನ ಕಣಜಗಳು ಇವತ್ತಿಗೂ ನದಿ ದಂಡೆಯಲ್ಲಿ ನಿಂತಿವೆ. ವಾಪಸು ಬಂದ ಮೇಲೆ ಅಕ್ಕಾರು ಇದೇ ಕಾಂಪೌಂಡಿನ ಮೇಲೆ ಕೈಯಿಟ್ಟು ನನಗೆ ಹೇಳಿದ್ದು ನಯಾಗರಾದ ನೀರಿಗಿಂತ ಹೆಚ್ಚಾಗಿ ಆ ಕಣಜಗಳ ಸುದ್ದಿಯನ್ನೇ.

"ಮಂತ್ರಾಲಯ ನಮಗ ನಯಾಗರಾ ಇದ್ದಂಗ ಅಂತ ತಿಳೀರಿ. ಹೋಗಿ ಬರಲಿ, ರಾಯರ ದರ್ಶನ ಮಾಡಲಿ. ಆದ್ರ ಮಗ ನಿಮಗ ಮಾಡಿದ್ದನ್ನ ನೀವು ಬೀಗರಿಗೆ ಮಾಡ್ರಿ."

"ಹೇಳ್ರಿ ಹಂಗಾರ, ಮೊದಲನೇ ದಿನ ಎಲ್ಲಿಗೆ?"

ಕೋಟೆಗೆ, ಅದೂ ಬಿಸಿಲೇರುವ ಮುಂಚೆ. ಬಸ್ ನಿಲ್ದಾಣದಿಂದ ನಡೆದೇ ಹೋಗಬಹುದು. ಒಳಕೋಟೆಯ ಪಡುವಣ ಗೋಡೆಯಲ್ಲಿ ಒಂದು ಕಲ್ಲು ಇದೆ, ಒಂದೇ ಕಲ್ಲು, 40 ಅಡಿಗೂ ಉದ್ದ. ಅದರ ಮೇಲಿನ ತೆಲುಗು ಶಾಸನ 1294ರದು. ಕಾಕತೀಯರ ಕಡೆಯ ಗೋರೆ ಗಂಗಯ್ಯ ರೆಡ್ಡಿ ಈ ಕೋಟೆ ಕಟ್ಟಿಸಿದ ಸಂಗತಿ ಅದರಲ್ಲಿದೆ. ಆಗ ಗೆದ್ದ ಊರುಗಳ ಸಾಲಿನಲ್ಲಿ ಆದವಾನಿಯ ಜೊತೆ ನಮ್ಮ ಮಾನವಿಯ ಹೆಸರೂ ಬರುತ್ತದೆ. ನನಗೆ ಶಾಸನಕ್ಕಿಂತ ಅದರ ಹತ್ತಿರ ಗೋಡೆಯಲ್ಲಿ ಗೀರಿದ ಚಿತ್ರ ದೊಡ್ಡದು. ಅದೇ ಕಲ್ಲನ್ನು ಬಂಡಿಯ ಮೇಲೇರಿಸಿದ್ದಾರೆ, ಮುಂದೆ ಸಾಲುಗಟ್ಟಿ ಕೋಣಗಳನ್ನು ಹೂಡಿದ್ದಾರೆ, ಗಾಲಿಗಳಿಗೆ ಮಂದಿ ಸನ್ನೆಗೋಲು ಕೊಟ್ಟು ನೂಕುತ್ತಿದ್ದಾರೆ. ರಾಜನ ಹೆಸರು ಕೆತ್ತಿದ ಶಾಸನಗಳು ನಾಡಿನ ತುಂಬ ಇವೆ. ಕಲ್ಲು ಎಳೆದ ಕೋಣಕ್ಕೂ ನೂಕಿದ ಆಳಿಗೂ ಗೋಡೆಯಲ್ಲಿ ಜಾಗ ಕೊಟ್ಟ ಕೋಟೆ ಎಷ್ಟಿವೆ? ಈ ಚಿತ್ರದ ಮುಂದೆ ಬೀಗರನ್ನು ಅರ್ಧ ತಾಸು ನಿಲ್ಲಿಸಿ, ಮಾತಾಡಬೇಡಿ, ಅವರೇ ನೋಡಿಕೊಳ್ಳಲಿ ಅಂದೆ.

"ನಾ ಇಲ್ಲೇ ಬಾಳೇವು ಮಾಡಿ ಇಷ್ಟು ವರ್ಷಾತು, ಅದನ್ನ ನೋಡಿಲ್ಲ ನೋಡ್ರಿ" ಎಂದು ಅಕ್ಕಾರು ಸೊಪ್ಪನ್ನು ಬದಿಗಿಟ್ಟರು.

ಅವರ ತಪ್ಪೇನೂ ಅಲ್ಲ. ಕೋಟೆಗೋಡೆಗೆ ಮನೆಗಳು, ಅಂಗಡಿಗಳು ಅಂಟಿಕೊಂಡು ಬೆಳೆದಿವೆ. ಸಂತೆಗೆ ಹೋಗುವ ದಾರಿಯಲ್ಲಿ ದಿನವೂ ಹಾಯುವ ಗೋಡೆಯನ್ನು ಯಾರು ತಲೆಯೆತ್ತಿ ನೋಡುತ್ತಾರೆ? ಆದರೆ ಈ ಗೋಡೆಗಾಗಿ ಎರಡು ರಾಜ್ಯಗಳು ತಲೆಮಾರುಗಟ್ಟಲೆ ಹೊಡೆದಾಡಿವೆ. ಮೇಲೆ ಕೃಷ್ಣೆ, ಕೆಳಗೆ ತುಂಗಭದ್ರೆ, ನಡುವೆ ಈ ಎಡೆದೊರೆ ನಾಡು. ಕಪ್ಪು ನೆಲ, ಹಟ್ಟಿಯ ಕಡೆ ಚಿನ್ನ. ಬಹಮನಿಯವರಿಗೂ ಬೇಕು, ವಿಜಯನಗರದವರಿಗೂ ಬೇಕು. 1520ರಲ್ಲಿ ಕೃಷ್ಣದೇವರಾಯ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನನ್ನು ಸೋಲಿಸಿ ಇದನ್ನು ಹಿಡಿದ. ಆ ಮುತ್ತಿಗೆಯ ಕಥೆಯನ್ನು ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ವಿವರವಾಗಿ ಬರೆದಿಟ್ಟಿದ್ದಾನೆ. ಕ್ರಿಸ್ತೊವಾವೊ ದ ಫಿಗೆರೆದೊ ಎಂಬ ಪೋರ್ಚುಗೀಸನ ಬಂದೂಕುಗಾರರು ಗೋಡೆಯ ಮೇಲೆ ತಲೆ ಹಾಕಿದ ಕಾವಲಿನವರನ್ನು ಹೊಡೆಯುತ್ತಿದ್ದರು, ಕೆಳಗೆ ರಾಯನ ಕಾಲಾಳುಗಳು ಗೋಡೆಯ ಕಲ್ಲು ಕೀಳುತ್ತಿದ್ದರು. ಬಂದೂಕು ನಮ್ಮ ಸೀಮೆಯ ಯುದ್ಧದ ಗತಿಯನ್ನು ಬದಲಿಸಿದ್ದನ್ನು ಕಂಡ ಮೊದಲ ಕೋಟೆಗಳಲ್ಲಿ ಇದೊಂದು. ಹಂಪಿಗೆ ಹೋದವರು ರಾಯನ ಮಹಾನವಮಿ ದಿಬ್ಬ ನೋಡಿ ಬೆರಗಾಗುತ್ತಾರೆ. ಅವನು ಗೆದ್ದ ಗೋಡೆ ಇಲ್ಲಿದೆ, ಕೈಯಿಟ್ಟು ಮುಟ್ಟಬಹುದು.

ಮೊಣಕಾಲು ಗಟ್ಟಿ ಇದ್ದವರು ಗುಡ್ಡ ಹತ್ತಲಿ. ಮೇಲೆ ಉದ್ದನೆಯ ತೋಪು ಬಿದ್ದುಕೊಂಡಿದೆ, ಗಾಳಿ ಚೆನ್ನಾಗಿದೆ, ಕೆಳಗೆ ಕೆರೆಯೂ ಇಡೀ ಊರೂ ಕಾಣುತ್ತದೆ. ಆಗದವರು ನೌರಂಗಿ ದರ್ವಾಜದ ಮ್ಯೂಸಿಯಮ್ಮಿಗೆ ಹೋಗಬಹುದು. ಅಲ್ಲಿಂದ ಏಕ್ ಮಿನಾರ್ ಮಸೀದಿ. ಹೆಸರೇ ಹೇಳುವಂತೆ ಒಂದೇ ಮಿನಾರು, 65 ಅಡಿ ಎತ್ತರ, 1513ರಲ್ಲಿ ಬಹಮನಿ ಮಹಮೂದ್ ಶಾಹನ ಕಾಲದಲ್ಲಿ ಕಟ್ಟಿದ್ದು. ಬಹಮನಿಗಳ ಕೊನೆಗಾಲ ಅದು, ರಾಜ್ಯ ಒಡೆದು ಹಂಚಿಹೋಗುತ್ತಿದ್ದ ಹೊತ್ತು. ಅಂಥ ಹೊತ್ತಿನಲ್ಲಿಯೂ ಯಾರೋ ಇಷ್ಟು ಚಂದದ ಮಿನಾರು ಕಟ್ಟಬೇಕೆಂದುಕೊಂಡರಲ್ಲ, ಅದು ನನಗೆ ಪ್ರತಿ ಸಲವೂ ಮನಸ್ಸು ತುಂಬುವ ವಿಷಯ. ಕಾರಿದ್ದರೆ ಹತ್ತಿರದ ಮಲಿಯಾಬಾದಿಗೂ ಒಂದು ಸುತ್ತು ಹಾಕಿ. ಪಾಳುಬಿದ್ದ ಕೋಟೆಯಲ್ಲಿ ಎರಡು ಕಲ್ಲಾನೆ ನಿಂತಿವೆ, ನೋಡಲು ಬರುವವರೇ ಇಲ್ಲ.

"ಊಟಕ್ಕ ಮನೀಗೇ ಬರ್ಲಿ" ಅಂದರು ಅಕ್ಕಾರು. ಬಿಳಿಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಗುರೆಳ್ಳು ಪುಡಿ, ಗಟ್ಟಿ ಮೊಸರು ಮನೆಯಲ್ಲಿ ಆಗುವಂಥವು. ಆದರೆ ಮುಂಜಾನೆಯ ನಾಷ್ಟ ಮಾತ್ರ ಬಂಡಿಯ ಮುಂದೆಯೇ ಆಗಬೇಕೆಂದು ನಾನು ಪಟ್ಟು ಹಿಡಿದೆ. ಮಂಡಾಳ ವಗ್ಗರಣಿ, ಮಿರ್ಚಿ. ನೀರಲ್ಲಿ ನೆನೆಸಿ ಹಿಂಡಿದ ಮಂಡಾಳಿಗೆ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಅರಿಶಿಣದ ಒಗ್ಗರಣೆ ಹಾಕಿ, ಪುಟಾಣಿ ಹಿಟ್ಟು ಉದುರಿಸಿ, ಲಿಂಬಿಹಣ್ಣು ಹಿಂಡುತ್ತಾರೆ. ಮಿರ್ಚಿ ಎಣ್ಣೆಯಿಂದ ಆಗತಾನೇ ಎದ್ದಿರಬೇಕು. ಹಮಾಲರೂ ವಕೀಲರೂ ಒಂದೇ ಬಂಡಿಯ ಮುಂದೆ ಪ್ಲೇಟು ಹಿಡಿದು ನಿಂತಿರುತ್ತಾರೆ. ಬೆಂಗಳೂರಿನ ಇಡ್ಲಿ ಮರೆತು ಬೀಗರು ಎರಡನೇ ಪ್ಲೇಟು ಕೇಳದಿದ್ದರೆ ನನ್ನನ್ನು ಕೇಳಿ.

ಸಂಜೆ ತೀನ್ ಕಂದೀಲಿನ ಕಡೆ ಬಜಾರಿನಲ್ಲಿ ಸುಮ್ಮನೆ ನಡೆಯುತ್ತ ಕಿವಿ ತೆರೆದಿಟ್ಟರೆ ಸಾಕು. ಕೊಳ್ಳುವವರು ತೆಲುಗಿನಲ್ಲಿ ಬೆಲೆ ಕೇಳುತ್ತಾರೆ, ಕನ್ನಡದಲ್ಲಿ ಚೌಕಾಸಿ ಮಾಡುತ್ತಾರೆ, ಉರ್ದುವಿನಲ್ಲಿ ಲೆಕ್ಕ ಮುಗಿಸುತ್ತಾರೆ, ಯಾರಿಗೂ ಇದು ವಿಶೇಷವೆನಿಸುವುದಿಲ್ಲ. ಕನ್ನಡದಲ್ಲಿ ಗಜಲ್ ಬೇರೂರುವುದಕ್ಕೆ ಕಾರಣರಾದ ಶಾಂತರಸರು ಈ ಸೀಮೆಯವರಾಗಿದ್ದು ಇಂಥ ಗಾಳಿಯಿಂದಲೇ ಎಂದು ನನ್ನ ನಂಬಿಕೆ. ಸಾಹಿತ್ಯ ಸಮ್ಮೇಳನ ಇಲ್ಲಿ ಮೂರು ಸಲ ನಡೆದಿದೆ. 1934ರಲ್ಲಿ ಪಂಜೆ ಮಂಗೇಶರಾಯರು ಅಧ್ಯಕ್ಷರಾಗಿ ಬಂದಾಗ ಇದು ನಿಜಾಮನ ಸೀಮೆ, ಶಾಲೆ ಕಚೇರಿಗಳಲ್ಲಿ ಉರ್ದು. ಕಡಲ ದಂಡೆಯ ಪಂಜೆಯವರನ್ನು ಇಷ್ಟು ದೂರ ಕರೆಸಿಕೊಂಡು ಕನ್ನಡದ ಚಪ್ಪರ ಹಾಕಿದವರ ಎದೆಗಾರಿಕೆ ದೊಡ್ಡದು. ಆಮೇಲೆ 1956ರಲ್ಲಿ, ಕರ್ನಾಟಕ ಒಂದಾದ ವರ್ಷ, ಶ್ರೀರಂಗರು. 2016ರಲ್ಲಿ ಬರಗೂರು ರಾಮಚಂದ್ರಪ್ಪನವರು.

"ಡಿಸೆಂಬರದಾಗ ರಾಜೇಂದ್ರ ಗಂಜಿಗೂ ಕರಕೊಂಡು ಹೋಗ್ರಿ. ಹತ್ತಿ ಬರೋ ಕಾಲ. ನೀವು ಬಫಲೋದ ಕಣಜ ನೋಡಿದ್ರಲ್ಲ, ಅವರು ನಮ್ಮ ಹತ್ತಿ ನೋಡ್ಲಿ" ಅಂದೆ. ಟ್ರ್ಯಾಕ್ಟರುಗಳ ಸಾಲು, ಬಿಳಿ ಗುಡ್ಡೆಗಳು, ಹರಾಜಿನ ಕೂಗು. ಈ ಗಂಜಿಗೆ ಇಷ್ಟು ಮಾಲು ಬರುವುದರ ಹಿಂದೆ ರೈಲಿನ ಕಥೆಯೂ ಇದೆ. ಮುಂಬೈಯಿಂದ ಬಂದ ಜಿಐಪಿ ರೈಲುದಾರಿಯೂ ಮದ್ರಾಸಿನಿಂದ ಬಂದ ದಾರಿಯೂ 1871ರಲ್ಲಿ ಒಂದಕ್ಕೊಂದು ಕೂಡಿದ್ದು ಎಲ್ಲಿ ಅಂದುಕೊಂಡಿರಿ? ರಾಯಚೂರಿನಲ್ಲಿ. ಅಂದಿನಿಂದ ದೇಶದ ಎರಡು ದೊಡ್ಡ ಪಟ್ಟಣಗಳ ನಡುವೆ ಓಡಾಡುವವರು ಈ ಪ್ಲಾಟ್‌ಫಾರ್ಮಿನಲ್ಲಿ ನಿಂತು ನೀರು ಕುಡಿದು ಮುಂದೆ ಹೋಗುತ್ತಿದ್ದಾರೆ. ನೂರೈವತ್ತು ವರ್ಷ ಮೀರಿತು. ಇನ್ನಾದರೂ ಒಂದಿಷ್ಟು ಮಂದಿ ಸ್ಟೇಷನ್ನಿನ ಹೊರಗೆ ಬರಬೇಕು.

ಎರಡನೆಯ ದಿನದ ಮಾತು ಬಂದಾಗ ಅಕ್ಕಾರೇ ಮುಂದಾದರು. ಅವರ ತವರು ಮಾನವಿ ಕಡೆ. "ದಾಸರ ಗುಡಿಗೆ ಕರಕೊಂಡು ಹೋಗ್ತೀನಿ" ಅಂದರು. ಸರಿಯಾದ ಮಾತು. ಹರಿಕಥಾಮೃತಸಾರ ಬರೆದ ಜಗನ್ನಾಥದಾಸರು 1728ರಲ್ಲಿ ಹುಟ್ಟಿದ್ದು ಮಾನವಿ ಸೀಮೆಯ ಬ್ಯಾಗವಾಟದಲ್ಲಿ, ಬಾಳಿದ್ದು ಮಾನವಿಯಲ್ಲಿ. ಅವರು ಸೇರಿಕೊಂಡರೆಂದು ಭಕ್ತರು ನಂಬುವ ಕಂಬ ಆ ಗುಡಿಯಲ್ಲಿದೆ. ಅವರ ಹಿರಿಯರಾದ ವಿಜಯದಾಸರ ಚೀಕಲಪರ್ವಿಯೂ ಮಾನವಿಯ ಕಡೆಯದೇ. ಇನ್ನು ಗೋಪಾಲದಾಸರದು ದೇವದುರ್ಗ ತಾಲ್ಲೂಕಿನ ಮೊಸರಕಲ್ಲು.

ಈ ಮೂವರ ಕಥೆಯನ್ನು ಬೀಗರಿಗೆ ನೀವೇ ಹೇಳಿ ಅಂದೆ, ಅಕ್ಕಾರು ಹೇಳುವ ಹಾಗೆ ನನಗೆ ಬರುವುದಿಲ್ಲ. ಮೊದಲು ಜಗನ್ನಾಥದಾಸರು ಶ್ರೀನಿವಾಸಾಚಾರ್ಯರೆಂಬ ಸಂಸ್ಕೃತ ಪಂಡಿತರು. ಕನ್ನಡದಲ್ಲಿ ಹಾಡಿಕೊಂಡು ತಿರುಗುವ ವಿಜಯದಾಸರು ಊಟಕ್ಕೆ ಕರೆದರೆ ಹೊಟ್ಟೆನೋವಿನ ನೆವ ಹೇಳಿ ತಪ್ಪಿಸಿಕೊಂಡರು, ನೆವವೇ ನಿಜವಾಗಿ ಹೊಟ್ಟೆನೋವು ಬಂದು ಹಿಡಿಯಿತು. ವಿಜಯದಾಸರು ಅವರನ್ನು ಗೋಪಾಲದಾಸರ ಹತ್ತಿರ ಕಳಿಸಿದರು. ಗೋಪಾಲದಾಸರು ಜೋಳದ ರೊಟ್ಟಿ ಕೊಟ್ಟು ನೋವು ಕಳೆದರು, ತಮ್ಮ ಆಯುಸ್ಸಿನಲ್ಲಿ ನಲವತ್ತು ವರ್ಷ ಎತ್ತಿ ಕೊಟ್ಟರು. ಆ ನಲವತ್ತು ವರ್ಷದಲ್ಲಿ ಪಂಡಿತರು ಕನ್ನಡದ ದಾಸರಾದರು. ನಂಬುವವರು ನಂಬಲಿ, ಬಿಡುವವರು ಬಿಡಲಿ, ಇಷ್ಟು ದೊಡ್ಡ ಮನಸ್ಸಿನ ಕಥೆ ಹುಟ್ಟಿದ ನೆಲದ ಮೇಲೆ ಒಂದು ದಿನ ಓಡಾಡುವುದೇ ಭಾಗ್ಯ. ದಾರಿಯಲ್ಲಿ ಕಾಲುವೆ ನೀರು, ಸೋನಾ ಮಸೂರಿ ಗದ್ದೆಗಳು ಸಿಗುತ್ತವೆ. ರಾಯಚೂರೆಂದರೆ ಬರಡು ನೆಲ ಎಂದುಕೊಂಡವರಿಗೆ ಅಷ್ಟು ಹಸಿರೂ ಕಾಣಲಿ. ಬರುವಾಗ ಕಲ್ಲೂರಿನ ಮಹಾಲಕ್ಷ್ಮಿಗೆ ಕೈಮುಗಿದು ಬರಬಹುದು.

ದೇವದುರ್ಗದ ಕಡೆ ಹೋಗುವವರು ಗಬ್ಬೂರಿನಲ್ಲಿ ಇಳಿಯದೆ ಮುಂದೆ ಹೋಗಬಾರದು. ರಾಯಚೂರಿನಿಂದ ದೇವದುರ್ಗಕ್ಕೆ ಹೋಗುವ ರಸ್ತೆಯ ಊರು, ದಿನವೂ ಬಸ್ಸುಗಳು ಹಾದುಹೋಗುತ್ತವೆ. ಸಣ್ಣ ಊರಿನ ಓಣಿಗಳ ನಡುವೆ ಹಳೆಯ ಗುಡಿಗಳು ಒಂದರ ಹಿಂದೊಂದು, ಮಳೆ ಶಂಕರ, ಏಳು ಬಾವಿ ಬಸವಣ್ಣ, ಬೂದಿ ಬಸವೇಶ್ವರ. ಇವೇ ಗುಡಿಗಳು ಬಾದಾಮಿಯ ಹತ್ತಿರ ಇದ್ದಿದ್ದರೆ ಬಸ್ಸುಗಟ್ಟಲೆ ಮಂದಿ ಬಂದು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಇಲ್ಲಿ ಕಟ್ಟೆಯ ಮೇಲೆ ಕೂತ ಮುದುಕರು ಕೀಲಿ ಯಾರ ಮನೆಯಲ್ಲಿದೆ ಎಂದು ಹೇಳುತ್ತಾರೆ, ಬಿಸಿಲಲ್ಲಿ ಬಂದಿರಿ ಎಂದು ನೀರು ತರಿಸುತ್ತಾರೆ. ನನಗೆ ಗುಡಿಯಷ್ಟೇ ಈ ಮಾತಿನ ಸುಖವೂ ಮುಖ್ಯ.

"ಬಿಸಲಿಗೆ ಏನ್ ಹೇಳ್ತೀರಿ?" ಅಕ್ಕಾರು ಕೊನೆಗೂ ಕೇಳಿದರು.

ಬಿಸಿಲನ್ನು ನಾನು ಮುಚ್ಚಿಡುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಯಾರನ್ನೂ ಕರೆಯಬೇಡಿ, ಆಗ ನಾವೇ ಹನ್ನೊಂದರ ಮೇಲೆ ಹೊರಗೆ ಬೀಳುವುದಿಲ್ಲ. ನವೆಂಬರಿನಿಂದ ಫೆಬ್ರುವರಿಯ ನಡುವೆ ಬಂದವರು ಮುಂಜಾನೆ ಶಾಲು ಹೊದ್ದುಕೊಂಡೇ ಕೋಟೆ ನೋಡುತ್ತಾರೆ. ಹೊಲದಲ್ಲಿ ಹಿಂಗಾರಿ ಜೋಳ ನಿಂತಿರುತ್ತದೆ, ಸಂಕ್ರಾಂತಿಯ ಹೊತ್ತಿಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಆಗುತ್ತದೆ. ಬಿಸಿಲೊಂದನ್ನೇ ಹಿಡಿದುಕೊಂಡು ವರ್ಷದ ಹನ್ನೆರಡೂ ತಿಂಗಳು ಊರನ್ನು ಬಯ್ಯುವುದು ನ್ಯಾಯವಲ್ಲ.

ಮುಂಗಾರು ಬಿದ್ದು ಊರು ತಣ್ಣಗಾಗುವ ಕಾರಹುಣ್ಣಿಮೆಗೆ ಇನ್ನೊಮ್ಮೆ ಕರೆಸಿಕೊಳ್ಳಿ ಅಂದೆ. ಮುನ್ನೂರು ಕಾಪು ಸಮಾಜದವರು ಆಗ ಮೂರು ದಿನ ಮುಂಗಾರು ಸಾಂಸ್ಕೃತಿಕ ರಾಯಚೂರು ಹಬ್ಬ ನಡೆಸುತ್ತಾರೆ. ಕರ್ನಾಟಕದ, ಆಂಧ್ರ ತೆಲಂಗಾಣದ ಜೋಡಿ ಎತ್ತುಗಳು ಟನ್ನುಗಟ್ಟಲೆ ತೂಕದ ಕಲ್ಲು ಎಳೆಯುತ್ತವೆ, ಸುತ್ತ ಮಂದಿ ಕೂಗಿ ಹುರಿದುಂಬಿಸುತ್ತಾರೆ. 1294ರ ಗೋಡೆಯ ಚಿತ್ರವನ್ನು ಡಿಸೆಂಬರಿನಲ್ಲಿ ನೋಡಿಹೋದವರಿಗೆ ಜೂನಿನಲ್ಲಿ ಇದನ್ನು ಕಂಡಾಗ ಏನನ್ನಿಸುತ್ತದೆಂದು ನಾನು ಹೇಳಬೇಕಿಲ್ಲ.

"ಆ ಮೂರು ದಿನ ನಿಮ್ಮನಿ ತುಂಬಿತಂದ್ರ ನಮ್ಮ ಮ್ಯಾಲಿನ ಖೋಲಿ ಖಾಲಿನೇ ಇರ್ತದ, ಬೀಗರಿಗೆ ಈಗ್ಲೇ ಹೇಳಿ ಇಡ್ರಿ ಅಕ್ಕಾರ."